ಟೇಪು ಹಿಡಿದು ಕಾರು ನೋಡುವುದು

ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಬೇಕೆಂದಿರುವವರು ಶೋರೂಮಿಗೆ ಹೋಗುವ ಮುನ್ನ ಹಾರ್ಡ್‌ವೇರ್ ಅಂಗಡಿಗೆ ಹೋಗಿಬರುವುದು ಒಳ್ಳೆಯದು. ಐದು ಮೀಟರಿನ ಟೇಪು ಸಾಕು. ಕಿಯಾ ಇವಿ9 ಮೇಲೆ ಕಣ್ಣಿಟ್ಟವರಿಗೆ ಮಾತ್ರ ಅದು ಸಾಲದು. ಆ ಕಾರು ಟೇಪಿಗಿಂತ 15 ಮಿಲಿಮೀಟರ್ ಉದ್ದ.

ಕಾರು ನೋಡಲು ಹೋದವರು ಕಾರನ್ನೇ ನೋಡುತ್ತಾರೆ. ಅಲ್ಲಿಯ ದೀಪ, ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹಬ್ಬಿದ ಪರದೆ, ತಾನಾಗಿ ಹೊರಬರುವ ಹ್ಯಾಂಡಲ್ಲು, ಎಲ್ಲವೂ ಹಾಗೆ ನೋಡಲೆಂದೇ ಇಟ್ಟಂಥವು. ಆದರೆ ಈ ಜಾತಿಯ ಕಾರಿನಲ್ಲಿ ಮೊದಲು ನೋಡಬೇಕಾದ್ದು ಮನೆ. ದಾವಣಗೆರೆಯ ಬಡಾವಣೆಗಳಲ್ಲಿ ಮಾಮೂಲಿಯಾದ 30/40 ಸೈಟಿನ ಮನೆಗೆ ಪೋರ್ಟಿಕೋ ಅಂತ ಸಿಗುವುದು ಹೆಚ್ಚೆಂದರೆ 9 ಅಡಿ ಅಗಲ, 15 ಅಡಿ ಉದ್ದ. ಟಾಟಾ ಹ್ಯಾರಿಯರ್ ಇವಿ 4,607 ಮಿ.ಮೀ., ಅಂದರೆ 15 ಅಡಿ ದಾಟಿ ಒಂದೂಕಾಲು ಇಂಚಿನಷ್ಟು. ಮಹೀಂದ್ರದ ಎಕ್ಸ್‌ಇವಿ 9ಇ 4,789 ಮಿ.ಮೀ., 15 ಅಡಿ ಎಂಟೂವರೆ ಇಂಚು. ಈ ಎಂಟೂವರೆ ಇಂಚಿನಲ್ಲೇ ಗೇಟು ಮುಚ್ಚುವುದೋ ಬಿಡುವುದೋ ತೀರ್ಮಾನವಾಗುತ್ತದೆ. ಗೇಟು ಒಳಕ್ಕೆ ತೆರೆಯುವಂಥದ್ದಾದರೆ ಕಾರು ಒಳಗೆ, ಗೇಟು ಬೀದಿಗೆ ಬಾಯ್ದೆರೆದು ನಿಂತೇ ಇರುತ್ತದೆ. ಅದನ್ನು ಸರಿಯುವ ಗೇಟು ಮಾಡಿಸಬೇಕು; ಆ ಖರ್ಚನ್ನು ಕಾರಿನ ಲೆಕ್ಕಕ್ಕೇ ಬರೆಯಿರಿ.

ಅಗಲದ ಕಥೆ ಇನ್ನೂ ಬಿಗಿ. 9ಇ ಕನ್ನಡಿ ಬಿಟ್ಟು 1,907 ಮಿ.ಮೀ. ಒಂಬತ್ತು ಅಡಿಯಲ್ಲಿ ಅದನ್ನು ಕಳೆದರೆ ಎರಡೂ ಬದಿಗೆ ಸೇರಿ ಉಳಿಯುವುದು 2 ಅಡಿ 9 ಇಂಚು. ಸರಿಯಾಗಿ ನಡುವೆ ನಿಲ್ಲಿಸಿದರೆ ಯಾವ ಕಡೆಯಿಂದಲೂ ಇಳಿಯಲಾಗುವುದಿಲ್ಲ. ಎಡಕ್ಕೆ ಗೋಡೆಗೆ ಒತ್ತಿ ನಿಲ್ಲಿಸಿ, ಮಿಕ್ಕವರನ್ನು ಬೀದಿಯಲ್ಲೇ ಇಳಿಸಬೇಕು. ಹಾಗೆ ಒತ್ತಿದಾಗ ಚಾರ್ಜಿಂಗ್ ಬಾಯಿ ಗೋಡೆಯ ಕಡೆ ಹೋಯಿತೇ ನೋಡಿ. ಕ್ರೆಟಾ ಎಲೆಕ್ಟ್ರಿಕ್‌ನಂಥವಕ್ಕೆ ಅದು ಮೂತಿಯಲ್ಲೇ ಇದೆ, ಕೆಲವಕ್ಕೆ ಚಕ್ರದ ಮೇಲಿನ ಪಕ್ಕದಲ್ಲಿ. ಚರಂಡಿ ಮೇಲಿನ ಕಡಪ ಚಪ್ಪಡಿಯನ್ನೂ ಮರೆಯಬೇಡಿ. ಸ್ಕೂಟರು, ಸಣ್ಣ ಕಾರು ತಾಳಿಕೊಂಡ ಎರಡಿಂಚಿನ ಕಲ್ಲು ಎರಡು ಟನ್ನು ಮೀರಿದ ಗಾಡಿಗೆ ಒಂದು ದಿನ ಪಟ್ಟೆಂದು ಬಿರಿಯುತ್ತದೆ. ಕಬ್ಬಿಣದ ಜಾಲರಿ ಕಟ್ಟಿದ ಕಾಂಕ್ರೀಟ್ ಹಾಕಿಸಿದರೆ ನೆಮ್ಮದಿ.

ಇನ್ನು ಕೂರುವುದು. ಬ್ಯಾಟರಿ ಇರುವುದು ಕಾಲಡಿಯಲ್ಲಿ. ಹಾಗಾಗಿ ನೆಲ ಎತ್ತರ. ಸೀಟನ್ನು ಅಷ್ಟೇ ಎತ್ತಿದರೆ ತಲೆ ಚಾವಣಿಗೆ ತಾಗುತ್ತದೆಂದು ಕಂಪನಿಯವರು ಎತ್ತುವುದಿಲ್ಲ. ಫಲ, ಹಿಂದೆ ಕೂತವರ ಮೊಣಕಾಲು ಮೇಲಕ್ಕೆ ಬಂದು ತೊಡೆ ಸೀಟಿನಿಂದ ಎದ್ದಿರುತ್ತದೆ. ಹತ್ತು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ಇದು ತಿಳಿಯುವುದಿಲ್ಲ, ಹಿರಿಯೂರು ದಾಟುವಾಗ ತಿಳಿಯುತ್ತದೆ. ಪರೀಕ್ಷೆ ಸುಲಭ: ಕೂತು, ಅಂಗೈಯನ್ನು ತೊಡೆ ಕೆಳಗೆ ತೂರಿಸಿ. ಸರಾಗವಾಗಿ ಹೋಯಿತೆಂದರೆ ಆ ಸೀಟು ಅಜ್ಜಿಗಲ್ಲ. ಅಜ್ಜಿಯನ್ನೇ ಕರೆದೊಯ್ದರೆ ಇನ್ನೂ ಒಳ್ಳೆಯದು. ಸೀರೆಯುಟ್ಟು, ಎಡಗೈಲಿ ಚೀಲ ಹಿಡಿದು ಹತ್ತಲಿ, ಇಳಿಯಲಿ. ಮಾರಾಟದ ಹುಡುಗ ಎಷ್ಟೇ ಚುರುಕಾಗಿದ್ದರೂ ಆ ಎರಡು ನಿಮಿಷದಲ್ಲಿ ಹೊರಬೀಳುವ ಸತ್ಯ ಅವನ ಬಾಯಿಂದ ಬರುವುದಿಲ್ಲ. ಗಾಜಿನ ಚಾವಣಿ ಕೂಡ ಹಾಗೇ, ಶೋರೂಮಿನಲ್ಲಿ ಅದು ಆಕಾಶ. ಏಪ್ರಿಲ್‌ನಲ್ಲಿ ದಾವಣಗೆರೆಯ ಗಾಜಿನ ಮನೆ ಎದುರು ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿ ಬಂದರೆ, ಗಾಜಿನ ಮನೆ ಒಂದಲ್ಲ, ಎರಡು. ಎಳೆದುಕೊಳ್ಳುವ ಪರದೆ ಇದೆಯೇ ಕೇಳಿ.

ಏಳು ಸೀಟು ಬೇಕೆನ್ನುವವರು ಮೂರನೇ ಸಾಲಿಗೆ ತಾವೇ ನುಸುಳಿ ನೋಡಬೇಕು. ಚಿತ್ರದುರ್ಗದವರಿಗೆ ಹೋಲಿಕೆ ಹುಡುಕಬೇಕಾಗಿಲ್ಲ. ಓಬವ್ವನ ಕಿಂಡಿಯಲ್ಲಿ ತೂರಿದವರೂ ಇಷ್ಟೇ ಬಗ್ಗಿದ್ದಿರಬೇಕು. ಆಚೆ ತುದಿಯಲ್ಲಿ ಅವರಿಗೆ ಒನಕೆ ಕಾದಿತ್ತು, ಇಲ್ಲಿ ಎ.ಸಿ. ಗಾಳಿ ಬರುವ ಕಿಂಡಿ ಇದೆಯೋ ಇಲ್ಲವೋ ನೋಡಿಕೊಂಡರಾಯಿತು. ಮಹೀಂದ್ರದ 9ಎಸ್, ಕಿಯಾದ ಕ್ಯಾರೆನ್ಸ್ ಕ್ಲಾವಿಸ್ ಇವಿ, ಎರಡೂ 2025ರಲ್ಲಿ ಬಂದ ಏಳು ಸೀಟಿನವು. ಹ್ಯಾರಿಯರ್ ಇವಿ, 9ಇ ಐದಕ್ಕೇ ನಿಲ್ಲುತ್ತವೆ. ಸೀಟು ಏಳಿದ್ದ ಮಾತ್ರಕ್ಕೆ ತೂಕವೂ ಒಪ್ಪುತ್ತದೆಂದಲ್ಲ. ಗಾಡಿಗೆ ಅನುಮತಿ ಇರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ. ತಲಾ 65 ಕಿಲೋದ ಏಳು ಜನ ಎಂದರೆ 455 ಕಿಲೋ. ಕಳೆದು ಉಳಿದದ್ದು ಅಷ್ಟೇ ಆಗಿದ್ದರೆ ಜಾತ್ರೆಯ ಬುತ್ತಿಗೆ ಜಾಗ ಇದೆ, ಲೆಕ್ಕ ಇಲ್ಲ. ಅಷ್ಟಕ್ಕೂ ಏಳೂ ಜನ ಒಟ್ಟಿಗೆ ಹೊರಡುವುದು ವರ್ಷಕ್ಕೆ ಎಷ್ಟು ಸಲ? ನಾಯಕನಹಟ್ಟಿ ತೇರು, ಉಚ್ಚಂಗಿದುರ್ಗ, ಒಂದೆರಡು ಮದುವೆ. ಆ ನಾಲ್ಕು ದಿನಕ್ಕೆ ಬಾಡಿಗೆ ಗಾಡಿ ಸಿಗುತ್ತದೆ. ಮಿಕ್ಕ ದಿನಗಳಲ್ಲಿ ಮಡಿಸಿಟ್ಟ ಸೀಟನ್ನು ಚೌಕಿಪೇಟೆಯ ಸಂದಿಗಳಲ್ಲೆಲ್ಲ ಹೊತ್ತು ತಿರುಗುವವರು ನೀವೇ.

ಡಿಕ್ಕಿಯನ್ನು ಲೀಟರಿನಲ್ಲಿ ಹೇಳುವುದು ಕಂಪನಿಗಳ ರೂಢಿ. 9ಇಗೆ ಹಿಂದೆ 663, ಮುಂದಿನ ಬಾನೆಟ್ಟಿನಡಿ 150. ನಮ್ಮೂರಿಗೆ ಇದಕ್ಕಿಂತ ಒಳ್ಳೆಯ ಮಾಪಕ ಮಂಡಕ್ಕಿ ಚೀಲ. ತೂಕವಿಲ್ಲ, ಬರೀ ಗಾತ್ರ. ಅಕ್ಕಿ ಮೂಟೆ ಯಾವ ಕಾರಿನಲ್ಲಾದರೂ ಮಲಗುತ್ತದೆ. ಭಟ್ಟಿಯಿಂದ ಬಂದ ಮಂಡಕ್ಕಿ ಚೀಲಕ್ಕೆ ಎತ್ತರ ಬೇಕು, ಹಿಂದಕ್ಕೆ ಇಳಿಜಾರಾದ ಚಾವಣಿಯ ಕಾರುಗಳು ಅಲ್ಲೇ ಸೋಲುತ್ತವೆ. ಲೀಟರ್ ಹೆಚ್ಚಿದ್ದೂ ಬಾಗಿಲು ಮುಚ್ಚದಿರುವುದು ಹೀಗೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನೂ ಕೇಳುತ್ತಾನೆ: ‘ಒಂದ್ ಚಾರ್ಜಿಗೆ ಎಷ್ಟ್ ಓಡ್ತತಿ ಅಣ್ಣ?’ ಕಾಗದದ ಮೇಲೆ 79 ಯೂನಿಟ್ ಬ್ಯಾಟರಿಯ 9ಇಗೆ 656 ಕಿ.ಮೀ., 75 ಯೂನಿಟ್ಟಿನ, ಹಿಂದಿನ ಚಕ್ರಗಳಿಂದ ಓಡುವ ಹ್ಯಾರಿಯರಿಗೆ 627. ಅದು ಉರುಳೆಗಳ ಮೇಲೆ ಓಡಿಸಿ ತೆಗೆದ ಲೆಕ್ಕ. ಅಲ್ಲಿ ಏರು ಇಲ್ಲ, ಎದುರುಗಾಳಿ ಇಲ್ಲ, ‘ಎ.ಸಿ. ಇನ್ನೊಂಚೂರು ಜಾಸ್ತಿ ಮಾಡು’ ಅನ್ನುವವರಿಲ್ಲ. ಇಷ್ಟು ಭಾರದ ಕಾರು ಹೆದ್ದಾರಿಯಲ್ಲಿ ಗಂಟೆಗೆ 100ರಲ್ಲಿ ಯೂನಿಟ್ಟಿಗೆ ಐದೂವರೆ ಕಿ.ಮೀ., 80ರಲ್ಲಿ ಆರೂವರೆ ಕೊಡುತ್ತದೆಂದು ಇಟ್ಟುಕೊಂಡರೆ ಮೋಸವಿಲ್ಲ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 265 ಕಿ.ಮೀ. 100ರ ವೇಗದಲ್ಲಿ 48 ಯೂನಿಟ್. ಇದಕ್ಕೆ ಏರಿನ ಲೆಕ್ಕ ಸೇರಿಸಿ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್, ಬೆಂಗಳೂರು 920. ಎರಡೂಕಾಲು ಟನ್ನನ್ನು ಅಷ್ಟು ಎತ್ತಲು ಎರಡು ಯೂನಿಟ್ ಬೇಕು. ಬರುವಾಗ ಅದರ ಬಹುಪಾಲು ವಾಪಸು ಬರುತ್ತದೆ. ಒಟ್ಟು 50. 75ರ ಬ್ಯಾಟರಿ ತುಂಬಿಸಿ ಹೊರಟವರು ಮೂರನೇ ಒಂದು ಪಾಲು ಉಳಿಸಿಕೊಂಡು ತಲುಪುತ್ತಾರೆ, 59 ಯೂನಿಟ್ಟಿನ ಚಿಕ್ಕ ಬ್ಯಾಟರಿಯವರು ಶೇ. 15ರಲ್ಲಿ, ಬಾಯಿ ಒಣಗಿಸಿಕೊಂಡು. ಎರಡರಲ್ಲೂ ತಿರುಗಿ ಬರಲಾಗುವುದಿಲ್ಲ. ಆದ್ದರಿಂದ ಚಿಕ್ಕದೋ ದೊಡ್ಡದೋ ಎಂಬ ಪ್ರಶ್ನೆಗೆ ಉತ್ತರ ಇರುವುದು ಬೆಂಗಳೂರಿನ ನೆಂಟರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಅಲ್ಲಿ ರಾತ್ರಿಯಿಡೀ ಸಿಗುವ ಪ್ಲಗ್ ಇದ್ದರೆ ಚಿಕ್ಕ ಬ್ಯಾಟರಿಯೂ ನಡೆಯುತ್ತದೆ. ನೆಂಟಸ್ತಿಕೆ ಹೇಗಿದೆ ಎಂಬುದನ್ನು ಮಾತ್ರ ಯಾವ ಆ್ಯಪೂ ತೋರಿಸುವುದಿಲ್ಲ.

ಗಾಳಿಯ ಮಾತು ಬಂತಲ್ಲ, ಚಿತ್ರದುರ್ಗದವರು ಅದನ್ನು ಹಗುರಾಗಿ ಎಣಿಸಬಾರದು. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಯಾರೂ ಶೋಕಿಗೆ ನೆಟ್ಟಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100ರಲ್ಲಿ ಹೋಗುವಾಗ 25ರ ಎದುರುಗಾಳಿ ಬೀಸಿದರೆ ಕಾರಿನ ಪಾಲಿಗೆ ಅದು 125; ತಡೆ ಒಂದೂವರೆ ಪಟ್ಟು. ಪೆಟ್ಟಿಗೆಯಂಥ ಎತ್ತರದ ಮೈಯ ಗಾಡಿಗೆ ಇದು ಇನ್ನಷ್ಟು ಪೆಟ್ಟು. ಆಷಾಢದಲ್ಲಿ ಗಾಳಿ ಪಡುವಣದಿಂದ. ದುರ್ಗದಿಂದ ಹುಬ್ಬಳ್ಳಿ ಕಡೆ ಹೊರಟವರು ಅದನ್ನು ಎದುರಿಸಬೇಕು, ಬೆಂಗಳೂರಿನ ಕಡೆಗಾದರೆ ಅದೇ ಬೆನ್ನು ತಳ್ಳುತ್ತದೆ. ಒಂದೇ ಕಾರು, ಅದೇ ಚಾಲಕ, ಜುಲೈನಲ್ಲಿ ಎರಡು ದಿಕ್ಕಿಗೆ ಎರಡು ಲೆಕ್ಕ ಕೊಟ್ಟರೆ ಸರ್ವೀಸ್ ಸೆಂಟರಿಗೆ ಓಡಬೇಕಾಗಿಲ್ಲ. 85ಕ್ಕೆ ಇಳಿಸಿದರೆ ಸಾಕು.

ಬ್ಯಾಟರಿಯ ಒಳಗಿನ ರಸಾಯನವನ್ನು ಕೇಳಿ ತಿಳಿಯಿರಿ. ಹ್ಯಾರಿಯರ್, 9ಇ ಎರಡರದೂ ಎಲ್‌ಎಫ್‌ಪಿ, ಅಂದರೆ ಕಬ್ಬಿಣ-ಫಾಸ್ಫೇಟ್. ಬಿಸಿಲಿಗೆ ಗಟ್ಟಿ, ಬಾಳಿಕೆ ಹೆಚ್ಚು. ಇದನ್ನು ಆಗಾಗ, ವಾರಕ್ಕೋ ಹದಿನೈದು ದಿನಕ್ಕೋ, ಶೇ. 100ರವರೆಗೆ ತುಂಬಿಸಬೇಕು. ಈ ಜಾತಿಯ ಬ್ಯಾಟರಿಯಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುವುದರಿಂದ, ತುದಿ ಮುಟ್ಟದಿದ್ದರೆ ಕಾರಿಗೆ ತನ್ನಲ್ಲಿ ಎಷ್ಟಿದೆ ಎಂಬ ಅಂದಾಜೇ ತಪ್ಪುತ್ತದೆ. ಶೇ. 12 ತೋರಿಸುತ್ತಿದ್ದುದು ದಿಢೀರನೆ 4ಕ್ಕೆ ಬೀಳುವುದು ಈ ಕಾರಣಕ್ಕೆ. ಕ್ರೆಟಾ ಎಲೆಕ್ಟ್ರಿಕ್, ಇವಿ9ರಂಥ ನಿಕಲ್ ಬ್ಯಾಟರಿಯವನ್ನು ದಿನನಿತ್ಯ 80ಕ್ಕೆ ನಿಲ್ಲಿಸಿ, ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ತುಂಬಿಸುವುದು ಲೇಸು. ಒಂದು ಎಚ್ಚರ: ಆಗುಂಬೆಯಲ್ಲಿ ಉಳಿದು ರಾತ್ರಿ 100 ಮಾಡಿಕೊಂಡು ಬೆಳಿಗ್ಗೆ ಘಾಟಿ ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಹಿಡಿಸದು. ಇಳಿಜಾರಿನಲ್ಲಿ ಹುಟ್ಟುವ ಕರೆಂಟಿಗೆ ಜಾಗವಿಲ್ಲದೆ ಮೋಟಾರಿನ ತಡೆ ಕೈಕೊಟ್ಟು ಹದಿನಾಲ್ಕೂ ತಿರುವಿನ ಭಾರ ಬ್ರೇಕಿನ ಮೇಲೆ ಬೀಳುತ್ತದೆ. 85 ಇದ್ದರೆ ಯಾವ ತಂಟೆಯೂ ಇಲ್ಲ.

ಮನೆಯ ಕರೆಂಟು ಇಡೀ ವ್ಯವಹಾರದ ಬೇರು. 16 ಆಂಪಿಯರ್ ಸಾಕೆಟ್ಟಿನಲ್ಲಿ ಬರುವುದು ಸುಮಾರು 3 ಕಿಲೋವ್ಯಾಟ್. 75ರ ಬ್ಯಾಟರಿಯನ್ನು 20ರಿಂದ 80ಕ್ಕೆ ಏರಿಸಲು ಹದಿನಾರು-ಹದಿನೇಳು ತಾಸು. 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಇದ್ದರೆ ಏಳು ತಾಸು, ಮಲಗಿ ಏಳುವುದರೊಳಗೆ. ಇದಕ್ಕೆ 32 ಆಂಪಿಯರ್ ಬೇಕು. ಮೀಟರಿನಿಂದಲೇ ಪ್ರತ್ಯೇಕ ಲೈನು, 6 ಚದರ ಮಿ.ಮೀ. ತಾಮ್ರದ ತಂತಿ (ದೂರ ಹೆಚ್ಚಿದ್ದರೆ 10), 40 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು). ಮಂಜೂರಾದ ಲೋಡು 3 ಕಿಲೋವ್ಯಾಟ್ ಇದ್ದರೆ ಮೊದಲು ಬೆಸ್ಕಾಂಗೆ ಅರ್ಜಿ. ಗೀಸರಿನ ಹಳೇ ಸಾಕೆಟ್ಟಿಗೇ ಸಿಕ್ಕಿಸುತ್ತೇನೆ ಎನ್ನುವವರು ತಿಳಿಯಬೇಕು: ಗೀಸರು ಇಪ್ಪತ್ತು ನಿಮಿಷದ ಗಿರಾಕಿ, ಕಾರು ರಾತ್ರಿಯಿಡೀ. ಸಡಿಲವಾದ ಒಂದೇ ಸ್ಕ್ರೂ ಸಾಕು, ಬೆಳಗಿನ ಹೊತ್ತಿಗೆ ಸಾಕೆಟ್ಟು ಹಪ್ಪಳದಂತೆ ಉಬ್ಬಿರುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸಿನ ಮಾತಂತೂ ಎತ್ತಲೇಬೇಡಿ.

ಹೊಸ ಚಾರ್ಜರ್ ಕೆಂಪು ದೀಪ ತೋರಿಸಿ ಮುಷ್ಕರ ಹೂಡಿದರೆ ಹತ್ತರಲ್ಲಿ ಎಂಟು ಸಲ ತಪ್ಪು ಅರ್ಥಿಂಗಿನದು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು-ಮೂರು ವೋಲ್ಟ್ ದಾಟಬಾರದು. ದಾವಣಗೆರೆ ಕಡೆಯ ಎರೆ ಮಣ್ಣು ತೇವವಿದ್ದಾಗ ಬಲು ಒಳ್ಳೆಯದು. ಬೇಸಿಗೆಯಲ್ಲಿ ಬಾಯಿಬಿಟ್ಟು, ಅದರಲ್ಲಿ ಹೂತ ಅರ್ಥಿಂಗ್ ಪೈಪಿನಿಂದ ದೂರ ಸರಿದುಬಿಡುತ್ತದೆ. ದುರ್ಗದ ಬಂಡೆ-ಗರಸು ನೆಲ ವರ್ಷವಿಡೀ ಸತಾಯಿಸುತ್ತದೆ. ಅಲ್ಲಿ ಒಂದರ ಬದಲು ಎರಡು ಗುಂಡಿ ತೋಡಿಸಿ ಜೋಡಿಸುವುದು ಕ್ಷೇಮ. ಇದ್ದಲು, ಉಪ್ಪು ಹಾಕಿ ಮುಚ್ಚಿದ ಮೇಲೂ ಮಾರ್ಚಿಯಿಂದ ಮಳೆ ಬರುವ ತನಕ ಅದಕ್ಕೆ ನೀರು ಬೇಕು. ತುಳಸಿಗೆ ಹಾಕುವ ಹೊತ್ತಿಗೇ ಇದಕ್ಕೂ ಒಂದು ಬಿಂದಿಗೆ ಹಾಕಿದರಾಯಿತು.

ಬಿಲ್ಲಿನ ವಿಷಯ. ತಿಂಗಳಿಗೆ 1,200 ಕಿ.ಮೀ. ಓಡಿಸಿದರೆ ನಷ್ಟ ಸೇರಿ ಮೀಟರಿನಲ್ಲಿ 220 ಯೂನಿಟ್ಟಿನಷ್ಟು ತಿರುಗುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ, ಕಾರನ್ನು ಮನೆಯ ಮೀಟರಿಗೇ ಕಟ್ಟಿದವರು ಫ್ಯಾನು, ಮಿಕ್ಸಿಗೂ ದುಡ್ಡು ಕೊಡಬೇಕಾಗುತ್ತದೆ. ವಾಹನ ಚಾರ್ಜಿಂಗಿಗೆ ಬೇರೆಯದೇ ದರದ ವರ್ಗ ಇದೆ, ಅದಕ್ಕೆ ಪ್ರತ್ಯೇಕ ಮೀಟರು ಹಾಕಿಸಿ. ಬೆಲೆ ನೋಡುವಾಗ ಇನ್ನೊಂದು: 2024ರಲ್ಲಿ ಕರ್ನಾಟಕ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ. 10 ಆಜೀವ ತೆರಿಗೆ ತಂದಿತು. ಆ ನಿಯಮದ ಪ್ರಕಾರ 24.9 ಲಕ್ಷಕ್ಕೂ 25.1 ಲಕ್ಷಕ್ಕೂ ನಡುವೆ ಇರುವುದು ಇಪ್ಪತ್ತು ಸಾವಿರವಲ್ಲ, ಅದರ ಹದಿಮೂರು ಪಟ್ಟಿಗೂ ಹೆಚ್ಚು. ಬುಕ್ ಮಾಡುವ ದಿನದ ನಿಯಮವನ್ನು ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂಗಡ ಕೊಡಿ.

ಹೆದ್ದಾರಿಯ ಚಾರ್ಜರುಗಳ ಬೋರ್ಡಿನಲ್ಲಿ 60 ಕಿಲೋವ್ಯಾಟ್ ಎಂದಿರುತ್ತದೆ. ಎರಡು ಗನ್ನಿಗೂ (ಕಾರಿಗೆ ಚುಚ್ಚುವ ಹಿಡಿಗೂ) ಕಾರು ಸಿಕ್ಕಿಸಿದರೆ ಹಲವು ಕಡೆ ತಲಾ 30. ನಿಮ್ಮ ಕಾರು 120 ನುಂಗಬಲ್ಲದು ಎಂಬ ಹೆಮ್ಮೆ ಅಲ್ಲಿ ಉಪಯೋಗಕ್ಕೆ ಬಾರದು. 10ರಿಂದ 80ಕ್ಕೆ 60ರಲ್ಲಿ ಒಂದು ತಾಸು, 30ರಲ್ಲಿ ಎರಡು ತಾಸಿಗೆ ಹತ್ತಿರ. 80 ಆದ ಮೇಲೆ ಅದು ಹನಿಹನಿಯಾಗಿ ಇಳಿಸುತ್ತದೆ. ಕಾಯುವವರಿಗೆ ಬಿಟ್ಟು ಹೊರಡಿ. ಒಂದು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ, ಮೇಲೊಂದು ಚಹಾಕ್ಕೆ ಹಿಡಿಯುವ ಹೊತ್ತಿನಲ್ಲಿ ಬೇಕಾದಷ್ಟು ಬಂದಿರುತ್ತದೆ.

ಕೊನೆಗೆ ಪಂಕ್ಚರ್. ಈಚಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿ ಇಲ್ಲ, ಒಂದು ಅಂಟಿನ ಬಾಟಲಿ, ಸಣ್ಣ ಪಂಪು, ಅಷ್ಟೇ. ಟೈರಿನ ಪಕ್ಕ ಸೀಳಿದರೆ ಬಾಟಲಿ ದಂಡ. ಪಿ.ಬಿ. ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಕಾರು ನಿಂತ ಕೂಡಲೇ ಹುಡುಗ ಟ್ರಾಲಿ ಜಾಕನ್ನು ಅಭ್ಯಾಸದಂತೆ ಹೊಟ್ಟೆಯ ನಡುವಿಗೇ ತಳ್ಳುತ್ತಾನೆ. ಅಲ್ಲಿರುವುದು ಬ್ಯಾಟರಿ. ನೀವು ಇಳಿದು, ಚಕ್ರದ ಪಕ್ಕ ಅಂಚಿನಲ್ಲಿ ಗುರುತು ಮಾಡಿದ ಜಾಗ ತೋರಿಸಿ, ಜಾಕ್ ಅಲ್ಲೇ ಕೂರುವವರೆಗೆ ಕದಲಬೇಡಿ. ‘ಗೊತ್ತೈತಿ ಬಿಡ್ರಿ ಸಾರ್’ ಅಂದರೂ ಕದಲಬೇಡಿ.