ಐದರಲ್ಲಿ ಹೇಳಿದ್ದು ಹದಿನೈದರಲ್ಲೂ ನಿಲ್ಲಬೇಕು

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಧರ್ಮೋಪದೇಶದ ತರಗತಿಗಳು ಆರಂಭವಾಗುವ ಮುನ್ನ, ನಾಸಿಕದ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವ ನಾವೆಲ್ಲರೂ ಒಂದು ಮೇಜಿನ ಸುತ್ತ ಕುಳಿತು ಆ ವರ್ಷದ ಪುಸ್ತಕಗಳನ್ನು ಆರಿಸುತ್ತೇವೆ. ಮೇಜಿನ ಮೇಲೆ ಇಂಗ್ಲಿಷ್ ಮತ್ತು ಮರಾಠಿಯ ಚಿತ್ರಪುಸ್ತಕಗಳು, ಬಣ್ಣ ತುಂಬುವ ಹಾಳೆಗಳು, ತರಗತಿವಾರು ವರ್ಕ್‌ಬುಕ್‌ಗಳು, ಕಥೆಯ ಕಾರ್ಡುಗಳು ಹರಡಿಕೊಂಡಿರುತ್ತವೆ. ಪ್ರತಿಯೊಂದರ ರಕ್ಷಾಪುಟದ ಮೂಲೆಯಲ್ಲಿ ‘4ರಿಂದ 6 ವರ್ಷ’, ‘7ರಿಂದ 9 ವರ್ಷ’ ಎಂದು ಮುದ್ರಿಸಿರುತ್ತಾರೆ. ಮೊದಮೊದಲು ನಾನೂ ಆ ಅಂಕಿಗಳನ್ನು ನೋಡಿಯೇ ಪುಸ್ತಕ ಎತ್ತಿಕೊಳ್ಳುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ.

ನಾನು ಕಲಿತದ್ದು ಕಾರವಾರದಲ್ಲಿ. ಮನೆಮಾತು ಕೊಂಕಣಿ, ಶಾಲೆ ಕನ್ನಡ ಮಾಧ್ಯಮ. ಭಾನುವಾರದ ಬಲಿಪೂಜೆ (ಮಾಸ್) ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ‘ದೊತೊರ್ನ್’, ಅಂದರೆ ಧರ್ಮೋಪದೇಶದ ಪಾಠ ನಡೆಯುತ್ತಿತ್ತು; ಆರು ವರ್ಷದವರೂ ಹದಿಮೂರು ವರ್ಷದವರೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಪ್ರಶ್ನೋತ್ತರವನ್ನು ಒಟ್ಟಾಗಿ ಒಪ್ಪಿಸುತ್ತಿದ್ದೆವು. ಪುಸ್ತಕವೆಂದರೆ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿಯ ಒಂದು ಸಣ್ಣ ಹೊತ್ತಗೆ, ಅಷ್ಟೇ. ಮಾಜಾಳಿಯ ಗಡಿ ದಾಟಿದರೆ ಗೋವಾದ ನಮ್ಮ ನೆಂಟರ ಮಕ್ಕಳು ಅದೇ ಪ್ರಾರ್ಥನೆಗಳನ್ನು ರೋಮನ್ ಲಿಪಿಯಲ್ಲಿ ಓದುತ್ತಿದ್ದರು. ನಮ್ಮ ಪುಸ್ತಕವನ್ನು ಅವರು ಓದಲಾರರು, ಅವರದನ್ನು ನಾವು ಓದಲಾರೆವು, ಆದರೆ ಕಣ್ಣು ಮುಚ್ಚಿ ಹೇಳತೊಡಗಿದರೆ ಇಬ್ಬರ ದನಿಯೂ ಒಂದಾಗುತ್ತಿತ್ತು. ಅಂದು ಬಾಯಿಪಾಠ ಮಾಡಿದ್ದು ನನಗೆ ಇಂದಿಗೂ ಒಂದಕ್ಷರ ಮರೆತಿಲ್ಲ. ಆದರೆ ಅದರ ಅರ್ಥವನ್ನು ಆರರಲ್ಲೂ ಯಾರೂ ಹೇಳಲಿಲ್ಲ, ಹದಿಮೂರರಲ್ಲೂ ಹೇಳಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ನಾಸಿಕದ ಕ್ರಮ ಇದಕ್ಕೆ ತೀರ ವಿರುದ್ಧವಾದದ್ದು. ಇಲ್ಲಿ ಒಂದನೆಯ ತರಗತಿಗೊಂದು ಕೋಣೆ, ಎರಡನೆಯದಕ್ಕೆ ಇನ್ನೊಂದು. ಪ್ರತಿ ಕೋಣೆಗೂ ಬೇರೆ ಪುಸ್ತಕ, ಬೇರೆ ಶಿಕ್ಷಕರು. ಮಕ್ಕಳು ಕತ್ತರಿಸುತ್ತಾರೆ, ಅಂಟಿಸುತ್ತಾರೆ, ಹಾಡಿಗೆ ಕುಣಿಯುತ್ತಾರೆ. ಎಳೆಯ ಮಗುವಿಗೆ ಎಳೆಯ ಮಗುವಿನಂತೆಯೇ ಕಲಿಸಬೇಕೆಂಬ ಈ ಕಾಳಜಿ ನನ್ನ ಬಾಲ್ಯದಲ್ಲಿ ಇರಲಿಲ್ಲ, ಇರಬೇಕಿತ್ತು. ಆದರೂ ಈ ಪುಸ್ತಕಗಳನ್ನು ಇಟ್ಟುಕೊಂಡು ಹಲವು ವರ್ಷ ಪಾಠ ಹೇಳಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಐದನೆಯ ವಯಸ್ಸಿನಲ್ಲಿ ನಾವು ಹೇಳಿದ್ದನ್ನು ಹದಿನೈದನೆಯ ವಯಸ್ಸಿನಲ್ಲಿ ಮಗು ತಾನೇ ಬೈಬಲ್ ತೆರೆದು ಓದಿದಾಗ ಸುಳ್ಳೆಂದು ಕಂಡುಕೊಳ್ಳುವಂತೆ ಆಗಬಾರದು. ಕಥೆಯನ್ನು ಚಿಕ್ಕದು ಮಾಡಬಹುದು, ಮುಂದಕ್ಕೆಂದು ಸ್ವಲ್ಪ ಉಳಿಸಿಕೊಳ್ಳಬಹುದು. ಇಲ್ಲದ್ದನ್ನು ಮಾತ್ರ ಸೇರಿಸಕೂಡದು. ಪುಸ್ತಕ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಉದಾಹರಣೆಗೆ ಬೈಬಲಿನ ಪ್ರವಾದಿ ಯೋನನ ಕಥೆಯನ್ನೇ ತೆಗೆದುಕೊಳ್ಳಬಹುದು. ಇಡೀ ಗ್ರಂಥ ನಾಲ್ಕೇ ಅಧ್ಯಾಯ. ನಮ್ಮ ಮೇಜಿನ ಮೇಲಿದ್ದ ಚಿತ್ರಪುಸ್ತಕಗಳಲ್ಲಿ ಹೆಚ್ಚಿನವು ಎರಡನೆಯ ಅಧ್ಯಾಯದ ಕೊನೆಗೆ, ಯೋನನನ್ನು ನುಂಗಿದ ಮೀನು ಅವನನ್ನು ದಡಕ್ಕೆ ಉಗುಳುವಲ್ಲಿಗೆ ಮುಗಿದುಹೋಗುತ್ತವೆ; ನಗುವ ತಿಮಿಂಗಿಲದ ಚಿತ್ರವೊಂದು ಇಡೀ ಎರಡು ಪುಟ ತುಂಬಿರುತ್ತದೆ. ಮೂಲದಲ್ಲಿ ಇರುವುದು ‘ದೊಡ್ಡ ಮೀನು’ ಎಂದು ಮಾತ್ರ. ಕಾರವಾರದ ಮಗುವಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಬೈತಕೋಲ ಬಂದರಿನ ಹತ್ತಿರದ ಮನೆಯೊಂದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಈ ಕಥೆ ಹೇಳುತ್ತಿದ್ದೆ. ಏಳು ವರ್ಷದ ಹುಡುಗನೊಬ್ಬ ನಡುವೆ ಕೈಯೆತ್ತಿ, ‘ಮಾಮಾ, ಅದು ಮೋರಿಯೋ ತಿಮಿಂಗಿಲವೋ? ತಿಮಿಂಗಿಲ ಮೀನಲ್ಲ, ಮೋರಿಯಾದರೆ ಹಲ್ಲಿದೆ’ ಎಂದ. ಶಾರ್ಕಿಗೆ ನಮ್ಮ ಕಡೆ ಮೋರಿ ಎನ್ನುತ್ತಾರೆ. ‘ದೊಡ್ಡ ಮೀನು ಎಂದಷ್ಟೇ ಬರೆದಿದೆ ಮಗಾ, ಯಾವ ಮೀನೆಂದು ಬರೆದಿಲ್ಲ’ ಎಂದು ಪುಟ ತೆರೆದು ತೋರಿಸಿದೆ. ಅವನಿಗೆ ಸಮಾಧಾನವಾಯಿತು. ಬರೆದಿರುವುದು ಎಷ್ಟು, ನಾವು ಸೇರಿಸಿಕೊಂಡದ್ದು ಎಷ್ಟು ಎಂದು ಬೇರ್ಪಡಿಸಿ ನೋಡುವುದನ್ನು ಅವನು ಏಳನೆಯ ವಯಸ್ಸಿಗೇ ಕಲಿತ.

ಯೋನನ ಕಥೆಯ ಜೀವ ಇರುವುದು ನಾಲ್ಕನೆಯ ಅಧ್ಯಾಯದಲ್ಲಿ. ಶತ್ರುಗಳ ಊರಾದ ನಿನೆವೆಯನ್ನು ದೇವರು ಕ್ಷಮಿಸಿಬಿಟ್ಟರಲ್ಲ ಎಂದು ಯೋನ ಸಿಟ್ಟಾಗಿ ಊರ ಹೊರಗೆ ಕುಳಿತುಕೊಳ್ಳುತ್ತಾನೆ. ಒಂದು ಗಿಡ ಹುಟ್ಟಿ ಅವನಿಗೆ ನೆರಳು ಕೊಡುತ್ತದೆ, ಮರುದಿನ ಹುಳು ಬಿದ್ದು ಒಣಗುತ್ತದೆ. ಗಿಡಕ್ಕಾಗಿ ಮರುಗುವ ನೀನು, 1,20,000ಕ್ಕೂ ಹೆಚ್ಚು ಜನರೂ ಅಷ್ಟೊಂದು ದನಕರುಗಳೂ ಇರುವ ಊರಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾರೆ. ಆ ಪ್ರಶ್ನೆಗೆ ಯೋನ ಕೊಟ್ಟ ಉತ್ತರವನ್ನು ಬರೆಯದೆಯೇ ಗ್ರಂಥ ಮುಗಿಯುತ್ತದೆ. ಒಂಬತ್ತು ಹತ್ತು ವರ್ಷದ ಮಕ್ಕಳು ಈ ಪ್ರಶ್ನೆಯನ್ನು ಹಿಡಿದುಕೊಂಡು ಅರ್ಧ ಗಂಟೆ ಮಾತಾಡಬಲ್ಲರು. ಆಟದಲ್ಲಿ ಮೋಸ ಮಾಡಿದ ಗೆಳೆಯನಿಗೆ ಶಿಕ್ಷೆಯಾಗದೇ ಹೋದಾಗ ಹೊಟ್ಟೆಯಲ್ಲಿ ಏಳುವ ಉರಿ ಅವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಐದರ ಮಗುವಿಗೆ ಮೀನಿನವರೆಗೆ ಹೇಳಿ, ‘ಕಥೆ ಇನ್ನೂ ಇದೆ, ಮುಂದೆ ಹೇಳುತ್ತೇನೆ’ ಎಂದು ನಿಲ್ಲಿಸುವ ಪುಸ್ತಕ ನನಗೆ ಒಪ್ಪಿಗೆ. ಮೀನಿಗೇ ಕಥೆ ಮುಗಿಯಿತೆಂದು ಹೇಳುವ ಪುಸ್ತಕ ಒಪ್ಪಿಗೆಯಿಲ್ಲ.

ಇಂಥವು ಇನ್ನೂ ಇವೆ. ಆದಿಕಾಂಡದಲ್ಲಿ ಆದಾಮ ಏವರು ತಿಂದ ಹಣ್ಣು ಸೇಬೆಂದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಶಿಶು ಯೇಸುವನ್ನು ನೋಡಲು ಮೂಡಣ ದೇಶದಿಂದ ಬಂದ ಜ್ಞಾನಿಗಳು ಮೂವರೆಂದು, ಯೇಸುವಿನ ಬದುಕನ್ನು ಹೇಳುವ ತನ್ನ ಸುವಾರ್ತೆಯಲ್ಲಿ ಮತ್ತಾಯ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆಗಳು ಮೂರಾದುದರಿಂದ ತಂದವರೂ ಮೂವರೆಂದು ಎಣಿಸಿದವರು ನಾವು. ಅವರು ಬಂದದ್ದು ಕೊಟ್ಟಿಗೆಗಲ್ಲ, ಮನೆಯೊಳಕ್ಕೆ ಎಂದು ಮತ್ತಾಯ ಬರೆಯುತ್ತಾನೆ. ಹಾಗೆಂದು ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಕ್ರಿಸ್ಮಸ್ಸಿನ ಗೋದಲಿಯಿಂದ ಮೂವರು ರಾಜರನ್ನು ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಗೋದಲಿ ನಮ್ಮ ಸಂಪ್ರದಾಯ, ಅದು ಇರಲಿ. ಪಾಠದ ಪುಸ್ತಕದಲ್ಲಿ ಮಾತ್ರ ಸಂಪ್ರದಾಯ ಯಾವುದು, ಸುವಾರ್ತೆಯ ಮಾತು ಯಾವುದು ಎಂಬುದು ಬೇರೆಬೇರೆಯಾಗಿ ಕಾಣಬೇಕು.

ಸೇರಿಸುವುದಕ್ಕಿಂತ ಗಂಭೀರವಾದದ್ದು ಹೊತ್ತಲ್ಲದ ಹೊತ್ತಿನಲ್ಲಿ ಹೇಳುವುದು. ನನ್ನ ಮಗಳು ಆರು ವರ್ಷದವಳಿದ್ದಾಗ ಅವಳ ತರಗತಿಯಲ್ಲಿ ಅಬ್ರಹಾಮನು ದೇವರ ಮಾತಿನಂತೆ ತನ್ನ ಮಗ ಇಸಾಕನನ್ನು ಬಲಿಕೊಡಲು ಕತ್ತಿ ಎತ್ತಿದ ಚಿತ್ರದ ಕಾರ್ಡು ಕೊಟ್ಟಿದ್ದರು. ಕಾರ್ಡಿನ ಹಿಂದೆ ‘4ರಿಂದ 6 ವರ್ಷ’ ಎಂದೇ ಇತ್ತು, ಬಣ್ಣಗಳೂ ಸುಂದರವಾಗಿದ್ದವು. ಅಂದು ರಾತ್ರಿ ಅವಳು ತನ್ನ ಹಾಸಿಗೆ ಬಿಟ್ಟು ಬಂದು ತಾಯಿಯ ಮಗ್ಗುಲಲ್ಲಿ ಗೋಡೆಯ ಕಡೆಗೆ ಮಲಗಿಕೊಂಡಳು. ಎರಡು ದಿನ ಕಳೆದ ಮೇಲೆ ನನ್ನನ್ನು ಕೇಳಿದಳು: ‘ಅಪ್ಪಾ, ದೇವರು ನಿನಗೂ ಹಾಗೆ ಹೇಳಿದರೆ?’ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಆ ಅಧ್ಯಾಯವನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಹನ್ನೆರಡು ಹದಿಮೂರರ ಮಕ್ಕಳ ಮುಂದೆ ಅದನ್ನು ಪೂರ್ತಿಯಾಗಿ ಓದಿ, ಇಸಾಕನಿಗೆ ಏನನ್ನಿಸಿರಬಹುದು, ಕೈ ತಡೆದದ್ದು ಯಾರು ಎಂದೆಲ್ಲ ಚರ್ಚಿಸಲೇಬೇಕು. ಅಪ್ಪ ಅಮ್ಮನ ಮೇಲಿನ ನಂಬಿಕೆಯೇ ದೇವರ ಮೇಲಿನ ನಂಬಿಕೆಗೆ ಆಧಾರವಾಗಿರುವ ಆರರ ವಯಸ್ಸಿನಲ್ಲಿ ಮಾತ್ರ ಆ ಕಾರ್ಡು ಕೈಗೆ ಬರಕೂಡದು.

ಏಳೆಂಟು ವರ್ಷದವರ ವಿಷಯದಲ್ಲಿ ನಮ್ಮ ಕಥೋಲಿಕ ಸಭೆಯಲ್ಲಿ ಆಯ್ಕೆ ಸುಲಭ. 1910ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು (ಅಂದಿನ ಪೋಪ್) ಏಳರ ಆಸುಪಾಸಿನ ವಿವೇಕದ ವಯಸ್ಸಿಗೇ ಮಕ್ಕಳು ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಬಹುದೆಂದು ವಿಧಿಸಿದಂದಿನಿಂದ ಈ ವಯಸ್ಸಿನ ಪಾಠವೆಲ್ಲ ಅದರ ಸಿದ್ಧತೆಯ ಸುತ್ತಲೇ ನಡೆಯುತ್ತದೆ. ನಾನು ಇಲ್ಲಿ ಕಾರವಾರದ ಬಾಯಿಪಾಠವನ್ನು ಹಿಂದಕ್ಕೆ ತರುತ್ತೇನೆ. ಈ ವಯಸ್ಸಿನ ಮಕ್ಕಳಿಗೆ ಬಾಯಿಪಾಠವೆಂದರೆ ಆಟ. ಇಪ್ಪತ್ತಮೂರನೆಯ ಕೀರ್ತನೆ ಆರೇ ವಚನಗಳದ್ದು, ವಾರಕ್ಕೊಂದರಂತೆ ಕಲಿತರೆ ಆಗಸ್ಟ್ ಹೊತ್ತಿಗೆ ಪೂರ್ತಿ ಬಾಯಿಗೆ ಬರುತ್ತದೆ. ನಾಸಿಕದ ವರ್ಕ್‌ಬುಕ್‌ಗಳು ಖಾಲಿ ಬಿಟ್ಟ ಜಾಗದಲ್ಲಿ ಒಂದು ಪದ ತುಂಬಿಸಿ ಮುಂದಕ್ಕೆ ಕಳುಹಿಸಿಬಿಡುತ್ತವೆ. ವರ್ಷದ ಕೊನೆಗೆ ಆ ಮಕ್ಕಳ ಬಾಯಲ್ಲಿ ಏನೂ ಉಳಿದಿರುವುದಿಲ್ಲ, ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಕನ್ನಡ ಓದುವ ಮಕ್ಕಳಿಗೆ ಯಾವ ಅನುವಾದ ಕೊಡಬೇಕೆಂದು ಊರಿನ ಗೆಳೆಯರು ಕೇಳುವುದುಂಟು. ಪ್ರೊಟೆಸ್ಟೆಂಟ್ ಮನೆಗಳಲ್ಲಿ ರೂಢಿಯಲ್ಲಿರುವ ‘ಸತ್ಯವೇದ’ದಲ್ಲಿ ‘ಯೆಹೋವ’ ಎಂದಿರುವಲ್ಲಿ ನಮ್ಮ ‘ಪವಿತ್ರ ಬೈಬಲ್’ನಲ್ಲಿ ‘ಸರ್ವೇಶ್ವರ’ ಎಂದಿದೆ. ಅವರದರಲ್ಲಿ 66 ಗ್ರಂಥಗಳಿದ್ದರೆ ನಮ್ಮದರಲ್ಲಿ 73. ಇದನ್ನು ಹತ್ತು ವರ್ಷದ ಮಗುವಿಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಶಾಲೆಯ ಗೆಳತಿಯ ಬೈಬಲಿನಲ್ಲಿ ತೊಬೀತನ ಗ್ರಂಥ ಸಿಗದೆ ಅದು ಗಲಿಬಿಲಿಗೊಳ್ಳುತ್ತದೆ. ಮಕ್ಕಳ ಬೈಬಲ್ ಎಂದು ಮಾರುವ ಪುಸ್ತಕಗಳಲ್ಲಿ ಹೆಚ್ಚಿನವು 66ರ ಲೆಕ್ಕದವು. ತಿಗ್ರಿಸ್ ನದಿಯ ಮೀನು, ದೇವದೂತನ ಜೊತೆಗಿನ ಪ್ರಯಾಣ, ಹಿಂದೆಯೇ ಹೊರಟ ನಾಯಿ ಇವೆಲ್ಲ ಇರುವ ತೊಬೀತನ ಕಥೆಯನ್ನು ನಮ್ಮ ಮಕ್ಕಳು ಇದರಿಂದಾಗಿ ಕಳೆದುಕೊಳ್ಳುತ್ತಿದ್ದಾರೆ.

ಹದಿಹರೆಯದವರಿಗೆ ವರ್ಕ್‌ಬುಕ್ಕೇ ಬೇಡ ಎಂಬುದು ನನ್ನ ನಿಲುವು. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಚಿಕ್ಕದು, 16 ಅಧ್ಯಾಯ. ಒಂದೆರಡು ಸಂಜೆ ಕುಳಿತು ಸರದಿಯಂತೆ ಗಟ್ಟಿಯಾಗಿ ಓದಿದರೆ ಮುಗಿಯುತ್ತದೆ. ಯೇಸುವಿನ ಖಾಲಿ ಸಮಾಧಿಯಿಂದ ಹೆದರಿ ಓಡಿದ ಹೆಂಗಸರು ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ಅತ್ಯಂತ ಹಳೆಯ ಹಸ್ತಪ್ರತಿಗಳು ನಿಂತುಹೋಗುತ್ತವೆ ಎಂದು ಹೇಳಿದಾಗ ಅವರ ಮುಖದಲ್ಲಿ ಮೂಡುವ ಕುತೂಹಲವನ್ನು ನಾನು ಯಾವ ಅಚ್ಚಾದ ಪಾಠದಲ್ಲೂ ಕಂಡಿಲ್ಲ.

ಇನ್ನು ಚಿತ್ರಗಳ ಮಾತು. ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಬಲೆಯ ಸಾಮತಿ (ದೃಷ್ಟಾಂತದ ಕಥೆ) ಇದೆ: ಕಡಲಿಗೆ ಬೀಸಿದ ಬಲೆ ತುಂಬಿದ ಮೇಲೆ ದಡಕ್ಕೆಳೆದು, ಕುಳಿತು, ಒಳ್ಳೆಯದನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಎಸೆಯುತ್ತಾರೆ. ನಮ್ಮ ವರ್ಕ್‌ಬುಕ್ಕಿನಲ್ಲಿ ಈ ಪಾಠಕ್ಕೆ ಗಾಳ ಹಿಡಿದು ಕುಳಿತ ಹುಡುಗನ ಚಿತ್ರ ಹಾಕಿದ್ದರು. ಗಾಳಕ್ಕೆ ಒಂದೇ ಮೀನು ಬೀಳುತ್ತದೆ, ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಚಿತ್ರ ಪಾಠವನ್ನೇ ಕೊಂದುಹಾಕಿತ್ತು. ಕಾರವಾರದಲ್ಲಿ ಬೆಳೆದವರಿಗೆ ಇದು ರಂಪಣಿ ಬಲೆ. 1970ರ ದಶಕದ ಕೊನೆಯಿಂದ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಹೆಚ್ಚಿದಂತೆ ರಂಪಣಿ ಕಡಿಮೆಯಾಯಿತಾದರೂ, ಹತ್ತಾರು ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುವುದು, ಆಮೇಲೆ ಹೆಂಗಸರು ಮರಳಿನ ಮೇಲೆ ಕುಳಿತು ಬಂಗಡೆ ಬೇರೆ ತಾರ್ಲೆ ಬೇರೆ ಎಂದು ವಿಂಗಡಿಸುವುದು ಇವು ನನ್ನ ಕಣ್ಣಲ್ಲಿವೆ. ತಮ್ಮನಿಗೆ ಹೇಳಿ ಫೋಟೊ ತರಿಸಿಕೊಂಡು ಗಾಳದ ಹುಡುಗನ ಮೇಲೆ ಅಂಟಿಸಿದೆ.

ಆದರೆ ನಮ್ಮೂರಿನ ಹೋಲಿಕೆ ಎಲ್ಲ ಕಡೆಯೂ ಸಲ್ಲುವುದಿಲ್ಲ. ಯೊವಾನ್ನನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ದ್ರಾಕ್ಷಿಬಳ್ಳಿ ಮತ್ತು ಕವಲುಗಳ ಪಾಠಕ್ಕೆ, ಶಿರಸಿಯ ಚಿಕ್ಕಮ್ಮನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ಉದಾಹರಣೆಯಾಗಿ ಹೇಳುತ್ತಿದ್ದೆ. ಅದು ತಪ್ಪು. ಮೆಣಸಿನ ಬಳ್ಳಿ ಬೇರೊಂದು ಮರವನ್ನು ಅಪ್ಪಿಕೊಂಡದ್ದು. ಸುವಾರ್ತೆ ಹೇಳುವುದು ಬಳ್ಳಿಯಿಂದಲೇ ಹುಟ್ಟಿದ ಕವಲಿನ ಬಗ್ಗೆ. ನನ್ನನ್ನು ತಿದ್ದಿದವಳು ನಾಸಿಕದ ದ್ರಾಕ್ಷಿ ಬೆಳೆಗಾರರ ಮನೆಯ ಹತ್ತು ವರ್ಷದ ಹುಡುಗಿ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ತನ್ನ ತಂದೆ ಬಳ್ಳಿ ಕತ್ತರಿಸುತ್ತಾರೆ, ಒಣಗಿದ್ದನ್ನು ಮಾತ್ರವಲ್ಲ, ಚೆನ್ನಾಗಿ ಫಲ ಕೊಟ್ಟ ಕವಲನ್ನೂ ಕತ್ತರಿಸುತ್ತಾರೆ, ಇಲ್ಲದಿದ್ದರೆ ಮುಂದಿನ ಸಲ ಗೊಂಚಲು ಬರುವುದಿಲ್ಲ ಎಂದು ಅವಳು ಇಡೀ ತರಗತಿಗೆ ವಿವರಿಸಿದಳು. ಆ ಅಧ್ಯಾಯದ ಎರಡನೆಯ ವಚನ ಹೇಳುವುದೂ ಅದನ್ನೇ.

ಮರುವಾರ ಅವಳು ಗೇಣುದ್ದದ ನಾಲ್ಕು ಕವಲುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟಳು. ಎರಡನ್ನು ತರಗತಿಯಲ್ಲಿ ಇಟ್ಟುಕೊಂಡೆವು. ಉಳಿದೆರಡು ನನ್ನ ಕಪಾಟಿನಲ್ಲಿವೆ. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಬೈತಕೋಲದ ಮಕ್ಕಳಿಗೆ ಅವನ್ನು ಕೊಂಡೊಯ್ಯಬೇಕು, ಕತ್ತರಿ ಬಿದ್ದ ಜಾಗವನ್ನು ಅವರು ಬೆರಳಿನಿಂದ ಮುಟ್ಟಿ ನೋಡಲಿ.