ಅಡಕತ್ತರಿ ನಿಕ್ಷೇಪ

ನೆಲ ಕೊರೆದು ತೆಗೆದ ಕಲ್ಲನ್ನು ಜೋಡಿಸಿಡುವ ನಮ್ಮ ಕೋರ್ ಪೆಟ್ಟಿಗೆಯಿಂದ 11 ಸೆಂಟಿಮೀಟರ್ ಕಲ್ಲು ಕಾಣೆಯಾದದ್ದು ನಿನ್ನೆ ಸಂಜೆ ಗೊತ್ತಾಯಿತು. ಮನೆಯಲ್ಲಿ ಸಾಸಿವೆ ಡಬ್ಬಿಯ ಮುಚ್ಚಳ ಕಾಣೆಯಾದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಮೊದಲು ಎಲ್ಲರೂ ‘ನಾನಲ್ಲ’ ಎನ್ನುತ್ತಾರೆ, ಆಮೇಲೆ ‘ಇಲ್ಲೇ ಇತ್ತಲ್ಲ’ ಎನ್ನುತ್ತಾರೆ, ಕಡೆಗೆ ಹುಡುಕುತ್ತಿರುವವರ ತಲೆಗೇ ತಪ್ಪು ಕಟ್ಟುತ್ತಾರೆ. ಶಿಬಿರದಲ್ಲೂ ಅದೇ ಆಯಿತು. ಡ್ರಿಲ್ಲರ್ ತಾನು ಅಳತೆ ಹಿಡಿದೇ ಜೋಡಿಸಿದ್ದೆ ಎಂದ. ಅಡುಗೆಯವನು ಯಾರೂ ಕೇಳುವ ಮೊದಲೇ ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಇಟ್ಟ. ಅವನ ಗಾಬರಿಗೆ ಕಾರಣವಿದೆ. ಹಿಂದಿನ ಶಿಬಿರದಲ್ಲಿ ಎರಡು ತಿಂಗಳು ನಮಗೆ ಬಡಿಸಿದ ಸಾರಿನ ಶುಂಠಿ, ಬೆಳ್ಳುಳ್ಳಿಯನ್ನೆಲ್ಲ ಜಜ್ಜಿದ್ದು ಇಂಥದ್ದೇ ಒಂದು ಕಲ್ಲಿನ ತುಂಡು. ಆ ಗುಟ್ಟು ರಟ್ಟಾದ ಮೇಲೆ ಪೆಟ್ಟಿಗೆಯಲ್ಲಿ ಏನು ಕಡಿಮೆಯಾದರೂ ನಾವು ಮೊದಲು ನೋಡುವುದು ಅಡುಗೆಮನೆಯ ಕಡೆಗೆ.

ಒಂದು ಕಲ್ಲಿಗೆ ಇಷ್ಟು ರಂಪವೇ ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಅದು ರಸ್ತೆ ಬದಿಯಲ್ಲಿ ಬಿದ್ದಿದ್ದ ಕಲ್ಲಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯ ತೆಂಗಿನ ತೋಟಗಳ ನಡುವೆ ನಾವು ಮ್ಯಾಗ್ನೆಟೈಟ್ ಹುಡುಕುತ್ತಿದ್ದೇವೆ. ಅಯಸ್ಕಾಂತಕ್ಕೆ ಅಂಟಿಕೊಳ್ಳುವ, ಕಪ್ಪಗೆ ಭಾರವಾಗಿರುವ ಕಬ್ಬಿಣದ ಅದಿರು ಅದು. ವಜ್ರದ ಹರಳು ಕೂರಿಸಿದ ಬಿಟ್ ನೆಲವನ್ನು ಕೊರೆಯುತ್ತ ಹೋಗುತ್ತದೆ, ಮೂರು ಮೂರು ಮೀಟರಿಗೊಮ್ಮೆ ಕೊಳವೆಯೊಳಗಿನಿಂದ 47.6 ಮಿಲಿಮೀಟರ್ ದಪ್ಪದ ಕಲ್ಲಿನ ಸಲಾಕೆ ಮೇಲೆ ಬರುತ್ತದೆ. ಅದನ್ನು ಮಗುವಿಗೆ ಎಣ್ಣೆ ನೀರು ಎರೆದಷ್ಟು ಜಾಗ್ರತೆಯಿಂದ ತೊಳೆದು, ಆಳ ಬರೆದು, ಪೆಟ್ಟಿಗೆಯ ಸಾಲುಗಳಲ್ಲಿ ಮಲಗಿಸಬೇಕು. ಕಾಣೆಯಾದ ತುಂಡು ಮೊನ್ನೆ ಸಂಜೆ 84 ಮೀಟರ್ ಆಳದಿಂದ ಬಂದಿತ್ತು. ಈ ಸೀಮೆಯ ಕಲ್ಲಿಗೆ 300 ಕೋಟಿ ವರ್ಷಕ್ಕೂ ಮೇಲೆ ವಯಸ್ಸು. ಅಷ್ಟು ಕಾಲ ಭೂಮಿಯೊಳಗೆ ಭದ್ರವಾಗಿದ್ದದ್ದು ನಮ್ಮ ಸುಪರ್ದಿಯಲ್ಲಿ ಒಂದು ಹಗಲು ಉಳಿಯಲಿಲ್ಲ.

ಕೊರೆಯುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಎಲ್ಲಿ ಕೊರೆಯಬೇಕೆಂದು ಹೇಳುವುದು ನನ್ನ ಹೊಟ್ಟೆಪಾಡು. ಮ್ಯಾಗ್ನೆಟೋಮೀಟರ್ ಹಿಡಿದು ಇಪ್ಪತ್ತು ಮೀಟರಿಗೊಂದರಂತೆ ನೆಟ್ಟ ಮರದ ಗೂಟಗಳ ಬಳಿ ನಿಂತು ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತ ಹೋಗುತ್ತೇನೆ. ನಮ್ಮ ಕಡೆ ಅದು ಸುಮಾರು 41,000 ನ್ಯಾನೊಟೆಸ್ಲಾ. ಕೆಳಗೆ ಮ್ಯಾಗ್ನೆಟೈಟ್ ಇದ್ದರೆ ಅಂಕಿ ಏರುಪೇರಾಗುತ್ತದೆ. ಅದರಲ್ಲೂ ಒಂದು ಕೀಟಲೆಯಿದೆ. ಪಠ್ಯಪುಸ್ತಕ ಬರೆದವರೆಲ್ಲ ದೂರದ ಉತ್ತರ ದೇಶದವರು. ಅವರ ಚಿತ್ರಗಳಲ್ಲಿ ಅದಿರಿನ ನೆತ್ತಿಯ ಮೇಲೆ ಅಂಕಿ ಶಿಖರದಂತೆ ಏರಿರುತ್ತದೆ. ಕಾಂತೀಯ ಸಮಭಾಜಕ ನಮಗೆ ಹತ್ತಿರವಿರುವುದರಿಂದ ಇಲ್ಲಿ ಸಾಮಾನ್ಯವಾಗಿ ಅದಿರಿನ ಮೇಲೆಯೇ ಅಂಕಿ ಕುಸಿಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಪುಸ್ತಕವನ್ನು ನಂಬಿ ತೋರಿಸಿದ ಜಾಗದಲ್ಲಿ ಏನು ಸಿಕ್ಕಿತೆಂದು ದಯವಿಟ್ಟು ಕೇಳಬೇಡಿ.

ಈ ಯಂತ್ರಕ್ಕೆ ಮಡಿ ಬಹಳ. ಹತ್ತಿರದಲ್ಲಿ ಕಬ್ಬಿಣ ಸುಳಿಯುವಂತಿಲ್ಲ. ಹಾಗಾಗಿ ನನ್ನ ಬೆಳಗು ಕಬ್ಬಿಣ ಕಳಚುವುದರಿಂದ ಆರಂಭವಾಗುತ್ತದೆ. ತಲೆಯ ಪಿನ್ನು, ಸೊಂಟದ ಬೆಲ್ಟು, ಕೀಲಿಕೈ, ಗಡಿಯಾರ, ಮೊಬೈಲು, ಮೊಳೆ ಹೊಡೆದ ಬೂಟು. ಬಳೆಗೆ ಸದಾ ಎರಡು ಪಿನ್ನು ಸಿಕ್ಕಿಸಿಕೊಂಡಿರದ ಹೆಂಗಸನ್ನು ಅಮ್ಮ ಹೆಂಗಸೆಂದೇ ಒಪ್ಪುವುದಿಲ್ಲ. ನಾನು ಪ್ರತಿದಿನ ಬೆಳಿಗ್ಗೆ ಆ ಪಟ್ಟದಿಂದ ಇಳಿಯುತ್ತೇನೆ.

ಊರಿನವರ ಪಾಲಿಗೆ ಇದೆಲ್ಲ ನೀರಿನ ಕೆಲಸ. ಕೋಲು, ಡಬ್ಬಿ, ತಂತಿ ಹಿಡಿದು ಹೊಲದಲ್ಲಿ ನಡೆಯುವವರು ಬೋರ್‌ವೆಲ್ ಪಾಯಿಂಟ್ ಮಾಡದೆ ಇನ್ನೇನು ಮಾಡುತ್ತಾರೆ? ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಹೇಳುವವರೊಬ್ಬರು ಇಲ್ಲಿಗೆ ಮೊದಲೇ ಬಂದು ಹೋಗಿದ್ದಾರೆ, ಅವರ ಶುಲ್ಕ ನನ್ನ ದಿನಭತ್ಯೆಗಿಂತ ಹೆಚ್ಚು. ರಿಗ್ ಸದ್ದು ಮಾಡತೊಡಗಿದ ದಿನ ಇಬ್ಬರು ಹೆಂಗಸರು ಬಿಂದಿಗೆಯೊಂದಿಗೇ ಬಂದರು. “ಎಷ್ಟು ಇಂಚು ಬಿತ್ತು?” ಎಂದು ಒಬ್ಬ ಗೌಡರು ಕೇಳಿದರು. ಎರಡು ಇಂಚಿಗೆ ಕೊಂಚ ಕಡಿಮೆ, ಆದರೆ ಕಲ್ಲು ಎಂದೆ. ದುಡ್ಡು ಖರ್ಚು ಮಾಡಿ ನೀರು ಸುರಿದು ನೆಲದಿಂದ ಕಲ್ಲು ತೆಗೆಯುವವರನ್ನು ಅವರು ಮೊದಲ ಸಲ ನೋಡಿದ್ದು ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಇನ್ನು ಈ ಊರಿನ ತಾತನ ವಿಷಯ. ಅಳತೆಯ ಕೋಲು ಹಿಡಿಯಲು ನನಗೆ ಕಬ್ಬಿಣವಿಲ್ಲದ ಮನುಷ್ಯ ಬೇಕಿತ್ತು. ಊರಿನ ಹುಡುಗರೆಲ್ಲ ಬೆಲ್ಟು, ಕಡಗ, ಎರಡೆರಡು ಮೊಬೈಲು. ತಾತ ಮಾತ್ರ ಪಂಚೆ, ಬನಿಯನ್ನು, ಹೆಗಲಿಗೊಂದು ವಸ್ತ್ರ. ಬರಿಗಾಲು. ಸೊಂಟದಲ್ಲಿ ಉಡಿದಾರ, ಅದೂ ಬರಿಯ ನೂಲು. ಪ್ರಯೋಗಶಾಲೆಯಲ್ಲಿ ತಯಾರಿಸಿದರೂ ಇಷ್ಟು ಶುದ್ಧವಾದ ಸಹಾಯಕ ಸಿಗುತ್ತಿರಲಿಲ್ಲ. ಕೋಲಿನ ತುದಿಯ ಡಬ್ಬಿಯೊಳಗೆ ಸೀಮೆಎಣ್ಣೆಯಂಥ ದ್ರವವಿದೆ, ಅದರೊಳಗಿನ ಪ್ರೋಟಾನುಗಳು ಕಾಂತಕ್ಷೇತ್ರಕ್ಕೆ ತಕ್ಕಂತೆ ತಿರುಗುತ್ತವೆ ಎಂದು ವಿವರಿಸಿದೆ. “ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಲ್ಲಿಸಿದ್ದು ಇದಕ್ಕಾ ಅವ್ವಾ?” ಎಂದು ತಾತ ಕೇಳಿದ.

ಮೂರು ವಾರ ಅಳೆದೆವು. ಪಶ್ಚಿಮದ ತುದಿಯಲ್ಲಿ ದೊಡ್ಡ ಕುಸಿತವೇ ಸಿಕ್ಕಿತು, ಈಗ ಕೊರೆಯುತ್ತಿರುವುದು ಅಲ್ಲಿಯೇ. ಆದರೆ ನನ್ನ ಮನಸ್ಸನ್ನು ಕದ್ದದ್ದು ಪೂರ್ವದ ಕಡೆಯ ಅಂಕಿಗಳು. ಹತ್ತು ಹನ್ನೊಂದು ಗೂಟಕ್ಕೊಮ್ಮೆ ಸರಿಯಾಗಿ 20, 25 ನ್ಯಾನೊಟೆಸ್ಲಾದ ಒಂದು ಉಬ್ಬು. ಮತ್ತೆ ಸಪಾಟು. ಮತ್ತೆ ಉಬ್ಬು. ಪ್ರಕೃತಿಯಲ್ಲಿ ಇಂಥ ತಾಳ ಸುಮ್ಮನೆ ಬರುತ್ತದೆಯೇ? ಅದಿರಿನ ತೆಳು ಪದರವೊಂದು ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ನೆಲದಡಿ ಸಾಗಿದೆ ಎಂದು ನಾನು ಬರೆದೆ. ಉಬ್ಬುಗಳಿಗೆ ಅ, ಆ, ಇ, ಈ ಎಂದು ಹೆಸರಿಟ್ಟೆ. ಋ ತನಕ ಬಂದಿತ್ತು. ಒಂದು ಸಾಲಿನ ಉಬ್ಬಿಗೂ ಪಕ್ಕದ ಸಾಲಿನ ಉಬ್ಬಿಗೂ ಹೊಂದಿಕೆಯಾಗದಿದ್ದಾಗ ನಡುವೆ ಒಂದೊಂದು ಸ್ತರಭಂಗ, ಅಂದರೆ ಕಲ್ಲಿನ ಪದರ ಮುರಿದು ಜಾರಿದ ಗೆರೆ, ಎಳೆದೆ. ಭೂವಿಜ್ಞಾನದಲ್ಲಿ ಸ್ತರಭಂಗವೆಂದರೆ ಮದುವೆ ಮನೆಯ ಸಾರಿಗೆ ಬಿಸಿನೀರು ಇದ್ದ ಹಾಗೆ. ಎಷ್ಟು ಬೇಕಾದರೂ ಸೇರಿಸಬಹುದು, ಯಾರೂ ಕೇಳುವುದಿಲ್ಲ. ಮೇಲಧಿಕಾರಿಗಳು ನಕ್ಷೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹಾಗೆ ಮಾಡಿದರೆ ಮೆಚ್ಚಿದರೆಂದು ಅರ್ಥ. ಎರಡನೆಯ ರಿಗ್ ಕೇಳುವ ಮೊದಲು ಒಂದು ಸಾಲನ್ನು ಮತ್ತೊಮ್ಮೆ ಅಳೆದು ಬಾ ಎಂದರು.

ಅಳೆದೆ. ಆ ಎಂಬ ಉಬ್ಬು 60 ಮೀಟರ್ ಆಚೆಗೆ ಸರಿದಿತ್ತು. ಇ ಸಿಕ್ಕಿತು, ಆದರೆ ಈ ಇದ್ದ ಕಡೆಯಲ್ಲಿ. ಈ ಎಲ್ಲಿಯೂ ಇರಲಿಲ್ಲ.

ನೆಲದೊಳಗಿನ ಕಬ್ಬಿಣ ರಾತ್ರೋರಾತ್ರಿ ನಡೆದಾಡುವುದಿಲ್ಲ. ಸೂರ್ಯನ ಕಿತಾಪತಿಯಿಂದ ಕಾಂತಕ್ಷೇತ್ರ ಹಗಲಿಡೀ ಏರಿಳಿಯುತ್ತದೆ. ಅದನ್ನು ಕಳೆಯಲೆಂದೇ ಹುಣಸೆಮರದ ಕೆಳಗೆ ಇನ್ನೊಂದು ಯಂತ್ರ ಕೂರಿಸಿದ್ದೆ. ಅಲ್ಲಿಗೆ ಹೋಗಿ ನೋಡಿದರೆ ಕೊರಳಿಗೆ ಗಂಟೆ ಕಟ್ಟಿದ ಒಂದು ಮೇಕೆ ನಿಂತಿತ್ತು. ಅರ್ಧ ದಿನ ಆ ಮೇಕೆಯನ್ನೇ ಅಪರಾಧಿ ಮಾಡಿದೆ. ಅದನ್ನು ಬೇರೆ ಕಡೆ ಕಟ್ಟಿಸಿ ಮತ್ತೆ ಅಳೆದರೂ ಉಬ್ಬುಗಳು ಬಂದವು, ಮತ್ತೆ ಹೊಸ ಜಾಗಗಳಲ್ಲಿ. ಸಾಕಾಗಿ ಗೂಟದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಪರದೆಯ ಮೇಲೆ ಕಣ್ಣಿಟ್ಟೆ. ಅಂಕಿ ಜಿಗಿಯಿತು. ಅದೇ ಗಳಿಗೆಯಲ್ಲಿ ತಲೆಯ ಮೇಲಿಂದ ಒಂದು ಸದ್ದು ಬಂತು: ಕಟಕ್.

ಕೋಲನ್ನು ಭುಜಕ್ಕೆ ಒರಗಿಸಿಕೊಂಡು ತಾತ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ. ಕತ್ತರಿಸಿ, ಹೋಳನ್ನು ಬಾಯಿಗೆ ಹಾಕಿಕೊಂಡು, ಅಡಕತ್ತರಿಯನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿ, ಚೀಲವನ್ನು ಹಿಂದೆ ಟೇಪು ಹಿಡಿದು ಬರುವ ಹುಡುಗನ ಕೈಗೆ ಕೊಟ್ಟ. ಇಪ್ಪತ್ತು ಮೀಟರ್ ದೂರ. ಅರ್ಧ ಗಂಟೆ ಕಳೆದ ಮೇಲೆ ಚೀಲ ಮುಂದೆ ಬರುತ್ತದೆ, ಕಟಕ್ ಆಗುತ್ತದೆ, ಹಿಂದೆ ಹೋಗುತ್ತದೆ. ಅರ್ಧ ಗಂಟೆಗೆ ನಾವು ದಾಟುವುದು ಹತ್ತು ಹನ್ನೊಂದು ಗೂಟ. ನಾನು ಕಂಡುಹಿಡಿದ ಅ, ಆ, ಇ, ಈಗಳು ತಾತನ ಬಾಯಿ ಖಾಲಿಯಾದ ಜಾಗಗಳು. ನಡುವೆ ನಾನು ಎಳೆದ ಒಂಬತ್ತು ಸ್ತರಭಂಗಗಳ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ.

ಮ್ಯಾಗ್ನೆಟೋಮೀಟರ್ ಕೈಯಲ್ಲಿ ಹಿಡಿದವರು ತಲೆ ತಗ್ಗಿಸಬೇಕಾದ ಒಂದು ಹೆಸರಿದೆ. 1913ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು ಕುದುರೆಮುಖದ ಮ್ಯಾಗ್ನೆಟೈಟನ್ನು ಗುರುತಿಸಿದರು. ನಾನು ಹೊತ್ತು ತಿರುಗುವ ಈ ಪ್ರೋಟಾನ್ ಯಂತ್ರ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಆಮೇಲೆ ಅಲ್ಲಿ ಊರಾಯಿತು, 67 ಕಿಲೋಮೀಟರ್ ಕೊಳವೆಯಲ್ಲಿ ಅದಿರಿನ ಪುಡಿ ನೀರಿನೊಂದಿಗೆ ಮಂಗಳೂರಿಗೆ ಹರಿಯಿತು, 2005ರ ಕೊನೆಯಲ್ಲಿ ಗಣಿ ನಿಂತು ಕಾಡು ಕಾಡಿನ ಪಾಲಿಗೆ ಉಳಿಯಿತು. ಅವರು ಜಿಗಣೆ, ಮಳೆಗಳ ನಡುವೆ ಕಂಡದ್ದು ಒಂದು ಬೆಟ್ಟ. ನಾನು ಹಗಲು ಬೆಳಕಿನಲ್ಲಿ, ಬಯಲುಸೀಮೆಯಲ್ಲಿ ಕಂಡದ್ದು ಒಂದು ಅಡಕತ್ತರಿ.

ನನ್ನನ್ನು ನಿಜಕ್ಕೂ ಕುಟುಕುತ್ತಿರುವುದು ಬೇರೆ. ಆ ಕಟಕ್ ಮೂರು ವಾರ ನನ್ನ ಕಿವಿಯ ಪಕ್ಕದಲ್ಲೇ ಆಗುತ್ತಿತ್ತು. ಕೇಳಿಸಲಿಲ್ಲ ಎಂದಲ್ಲ, ಅದು ನನಗೆ ಸದ್ದು ಎನ್ನಿಸಲೇ ಇಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿ ಊಟವಾದ ಮೇಲೆ ಕಾಲು ಚಾಚಿ ಕೂತು ಇದೇ ಸದ್ದು ಮಾಡುತ್ತಿದ್ದಳು. ನಾನು ಅವಳ ಮಗ್ಗುಲಲ್ಲಿ ಮಲಗಿ, ಕೆಟ್ಟ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಕಾಗದದ ಕೆಳಗೆ ಆಡಿಸುತ್ತ, ಮಳೆನೀರು ಅಂಗಳದಲ್ಲಿ ಬಿಟ್ಟುಹೋದ ಕಪ್ಪು ಮರಳನ್ನು ಕುಣಿಸುತ್ತಿದ್ದೆ. ಆ ಮರಳೂ ಮ್ಯಾಗ್ನೆಟೈಟೇ. ಅಡಕತ್ತರಿ ಹತ್ತಿರ ಬಂದರೆ ಅಯಸ್ಕಾಂತ ತಟಕ್ಕನೆ ಅದಕ್ಕೆ ಅಂಟುತ್ತಿತ್ತು, ಅಜ್ಜಿ ಬಯ್ಯುತ್ತಿದ್ದಳು. ಅಂದರೆ ಏಳನೆಯ ವಯಸ್ಸಿನಲ್ಲಿ ನನಗೆ ಗೊತ್ತಿದ್ದದ್ದು ಈಗ ಗೊತ್ತಿರಲಿಲ್ಲ. ಅಜ್ಜಿಯ ಅಡಕತ್ತರಿ ಮನೆ ಪಾಲಾದಾಗ ಎಲ್ಲಿ ಹೋಯಿತೋ. ಸ್ಟೀಲು ಪಾತ್ರೆಗಳನ್ನು ಎಣಿಸಿ ಹಂಚಿಕೊಂಡೆವು, ಅದನ್ನು ಯಾರೂ ಎಣಿಸಲಿಲ್ಲ.

ತಾತನೊಂದಿಗೆ ಸಂಧಾನ ನಡೆಯಿತು. ಅಡಕತ್ತರಿ ಇಲ್ಲದೆ ಬರುವುದಿಲ್ಲ ಎಂದ. ಕತ್ತರಿಸಿದ ಅಡಿಕೆಯ ಪೊಟ್ಟಣ ತರಿಸಿಕೊಟ್ಟೆ. ಮೂಸಿ ನೋಡಿ, ಮೇಕೆಗೆ ಕೊಡುವಂಥದ್ದನ್ನು ನನಗೆ ಕೊಡುತ್ತೀರಾ ಎಂಬಂತೆ ಹುಡುಗನಿಗೆ ದಾಟಿಸಿದ. ಕಡೆಗೆ ಆದ ಒಪ್ಪಂದವೆಂದರೆ, ಅಡಕತ್ತರಿ ಶಿಬಿರದಲ್ಲಿ ಉಳಿಯುವುದು, ಬೆಳಿಗ್ಗೆ ಹೊರಡುವ ಮೊದಲು ದಿನಕ್ಕೆ ಬೇಕಾದ ಹನ್ನೆರಡು ಅಡಿಕೆಯನ್ನು ನಾನೇ ಕತ್ತರಿಸಿಕೊಡುವುದು. ಸ್ನಾತಕೋತ್ತರ ಪದವಿ, ಹದಿನಾಲ್ಕು ವರ್ಷದ ಅನುಭವ, ಬೆಳಗಿನ ಆರೂವರೆಗೆ ಅಡಿಕೆ. ನನ್ನ ಹೋಳು ದಪ್ಪವಾಯಿತು ಎಂದು ತಾತ ದಿನವೂ ಹೇಳುತ್ತಿದ್ದ. ಉಳಿದಿರುವ ನಾಲ್ಕು ಹಲ್ಲಿಗೆ ಅದು ಆಗುವುದಿಲ್ಲವಂತೆ. ನಾನು ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಉಬ್ಬುಗಳು ನಿಂತಿದ್ದವು. ಐದು ದಿನ ಗೆರೆ ಕೆರೆಯ ನೀರಿನಂತೆ ಸಪಾಟಾಗಿತ್ತು.

ನಿನ್ನೆ ಸಂಜೆ, ಒಂದು ಕಡೆ 11 ಸೆಂಟಿಮೀಟರ್ ಕಲ್ಲಿಗಾಗಿ ಶಿಬಿರವೆಲ್ಲ ತಡಕಾಡುತ್ತಿರುವಾಗ, ನಾನು ಆ ದಿನದ ಅಂಕಿಗಳನ್ನು ಗೆರೆಯಾಗಿಸಿ ನೋಡಿದೆ. ಎಂಟನೆಯ ಗೂಟದಲ್ಲಿ ಉಬ್ಬು. ಹತ್ತೊಂಬತ್ತನೆಯದರಲ್ಲಿ ಇನ್ನೊಂದು. ಅಡಕತ್ತರಿಗಿಂತ ಸ್ವಲ್ಪ ಚಿಕ್ಕದು, ಆದರೆ ಅದೇ ತಾಳ.

ಅಡಕತ್ತರಿ ನನ್ನ ಮೇಜಿನ ಮೇಲೆಯೇ ಇತ್ತು. ಎದ್ದು ನೇರವಾಗಿ ಹುಣಸೆಮರದ ಬಳಿ ಹೋಗಿ, ಕೊಂಬೆಗೆ ನೇತುಹಾಕಿದ್ದ ತಾತನ ಚೀಲವನ್ನು ಇಳಿಸಿದೆ. ಭಾರವಾಗಿತ್ತು. ವೀಳ್ಯದೆಲೆ, ಸುಣ್ಣದ ಡಬ್ಬಿ, ನನ್ನ ದಪ್ಪ ಹೋಳುಗಳು. ಅಡಿಯಲ್ಲಿ, 84 ಮೀಟರ್ ಆಳದ, ಹೆಚ್ಚು ಕಡಿಮೆ 900 ಗ್ರಾಂ ತೂಗುವ, ಒಂದು ಬಿರುಕೂ ಇಲ್ಲದ ಮ್ಯಾಗ್ನೆಟೈಟ್. ಇಡೀ ಪೆಟ್ಟಿಗೆಯಲ್ಲೇ ಅತ್ಯುತ್ತಮವಾದ ತುಂಡು. ಆಯ್ಕೆಯಲ್ಲಿ ತಾತ ನನಗಿಂತ ಉತ್ತಮ ಭೂವಿಜ್ಞಾನಿ.

“ಕಬ್ಬಿಣ ತರಬೇಡ ಎಂದಿದ್ದೆನಲ್ಲ ತಾತ” ಎಂದೆ.

“ಎಲ್ಲಿ ತಂದಿದ್ದೇನೆ ಅವ್ವಾ?” ತಾತನ ಮುಖದಲ್ಲಿ ನಿಜವಾದ ನೋವಿತ್ತು. “ಇದು ಕಲ್ಲಲ್ಲವಾ? ನೀವು ಹೋಳು ದಪ್ಪ ಮಾಡುತ್ತೀರಿ, ಕುಟ್ಟಿಕೊಳ್ಳುವುದು ಬೇಡವಾ? ಮನೆಯಲ್ಲಿ ಕಬ್ಬಿಣದ ಕುಟ್ಟಾಣಿ ಇದೆ, ಬೇಕೆಂದೇ ತರಲಿಲ್ಲ.”

ಇದರಲ್ಲೇ ಕಬ್ಬಿಣ ಇರುವುದು ತಾತ, ಅದಕ್ಕಾಗಿಯೇ ನಾವೆಲ್ಲ ಇಲ್ಲಿ ಬಿದ್ದಿರುವುದು ಎಂದೆ. ತಾತ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದ. ನನ್ನನ್ನು ನೋಡಿದ. ಇಷ್ಟು ದಿನ ಕಬ್ಬಿಣ ಕಂಡರೆ ಹೌಹಾರುತ್ತಿದ್ದವಳು ಹುಡುಕುತ್ತಿರುವುದೂ ಕಬ್ಬಿಣವನ್ನೇ ಎಂಬ ಸುದ್ದಿ ಅವನಿಗೆ ಆಗಲೇ ಗೊತ್ತಾದದ್ದು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ತುಂಡನ್ನು ತೊಳೆದು ಸ್ವಸ್ಥಾನದಲ್ಲಿ ಮಲಗಿಸಿ, ರೂಢಿಯಂತೆ ಪೆಟ್ಟಿಗೆಯ ಫೋಟೋ ತೆಗೆದು ಕಚೇರಿಗೆ ಕಳುಹಿಸಿದೆ. ಎಷ್ಟು ಉಜ್ಜಿದರೂ ಒಂದು ತುದಿಯ ಎಲೆಯಡಿಕೆ ಬಣ್ಣ ಹೋಗಲಿಲ್ಲ. ಇಂದು ಬೆಳಿಗ್ಗೆ ಮೇಲಧಿಕಾರಿಗಳ ಫೋನು ಬಂತು. 84 ಮೀಟರಿನ ಬಳಿ ಕೆಂಪು ಕಾಣುತ್ತಿದೆ, ಮ್ಯಾಗ್ನೆಟೈಟ್ ಅಲ್ಲಿ ಕೆಂಪು ಅದಿರಾದ ಹೆಮಟೈಟ್ ಆಗಿ ಮಾರ್ಪಡುತ್ತಿದೆಯೇ, ಬಹಳ ಕುತೂಹಲಕರ, ಮಧ್ಯಾಹ್ನದೊಳಗೆ ಒಂದು ಟಿಪ್ಪಣಿ ಬರೆದು ಕಳುಹಿಸು ಎಂದರು. ಕನ್ನಡಕ ಒರೆಸಿಕೊಳ್ಳುತ್ತಿದ್ದರೆಂದು ದನಿಯಲ್ಲೇ ಗೊತ್ತಾಯಿತು.

ಬರೆಯಲು ಕೂತಿದ್ದೇನೆ. ಹೊರಗೆ ತಾತ ಎರಡು ಸಲ ಕೆಮ್ಮಿದ. ಇಂದಿನ ಹನ್ನೆರಡು ಅಡಿಕೆ ಇನ್ನೂ ಕತ್ತರಿಸಿಲ್ಲ.