ಜೀರುಂಡೆ ಡಬ್ಬಿಯ ಬಾಣಂತಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಈಶಾನ್ಯ ಮೂಲೆಯಲ್ಲಿ ಒಂದು ಬೆಳ್ಳಿ ಅರೋವಾನಾ ಮೀನಿದೆ. ನಾನು ಆಸೆಪಟ್ಟು ತಂದದ್ದಲ್ಲ, ಗೃಹಪ್ರವೇಶಕ್ಕೆ ಭಾವಮೈದುನ ಕೊಟ್ಟ ಉಡುಗೊರೆ. "ಭಾವ, ಇದೊಂದು ಮನೇಲಿದ್ರೆ ಲಕ್ಷ್ಮಿ ತಾನಾಗೇ ಹುಡುಕ್ಕೊಂಡು ಬರ್ತಾಳೆ" ಅಂದಿದ್ದ. ಬರುವ ಲಕ್ಷ್ಮಿಯ ಸುಳಿವು ಈವರೆಗೆ ಸಿಕ್ಕಿಲ್ಲ. ಹೋದ ಲಕ್ಷ್ಮಿಯ ಲೆಕ್ಕ ಮಾತ್ರ ನನ್ನ ಹೆಂಡತಿಯ ಡೈರಿಯಲ್ಲಿ ಪುಟಗಟ್ಟಲೆ ಇದೆ.

ಈ ಮೀನಿನ ಮೂಲ ಊರು ಅಮೆಜಾನ್. ಅಲ್ಲಿ ಅದು ನೀರಿನಿಂದ ಮೇಲಕ್ಕೆ ಚಿಮ್ಮಿ, ಬಾಗಿದ ಕೊಂಬೆಯ ಮೇಲಿನ ಹುಳಹುಪ್ಪಟೆಯನ್ನು ಕಿತ್ತು ತಿನ್ನುತ್ತದೆ. ಕುವೆಂಪುನಗರಕ್ಕೆ ಬಂದ ಮೇಲೂ ಚಾಳಿ ಬಿಟ್ಟಿಲ್ಲವಾದ್ದರಿಂದ ಟ್ಯಾಂಕಿನ ಹಲಗೆ ಮುಚ್ಚಳದ ಮೇಲೆ ಅಮ್ಮನ ರುಬ್ಬುಗುಂಡು ಕೂತಿದೆ. ಅಂಗಡಿಯ ಒಣ ಆಹಾರ ಹಾಕಿದರೆ ಮೂತಿ ತಿರುಗಿಸುತ್ತದೆ. ಹೀಗಾಗಿ ಆಗಾಗ ಕೊರಿಯರಿನಲ್ಲಿ ಜೀವಂತ ಜೀರುಂಡೆ ತರಿಸುತ್ತೇವೆ. ಗಾಳಿತೂತಿನ ಡಬ್ಬ, ಒಳಗೆ ಮೊಟ್ಟೆ ಟ್ರೇಯ ತುಂಡುಗಳು, ಅದರ ಗುಳಿಗಳಲ್ಲಿ ಜೀರುಂಡೆಗಳು. ರಾತ್ರಿಯಾದರೆ ಗಂಡುಗಳೆಲ್ಲ ರೆಕ್ಕೆಗೆ ರೆಕ್ಕೆ ತೀಡಿ ಕಛೇರಿ ಶುರುಮಾಡುತ್ತವೆ. ಹೆಣ್ಣುಗಳು ಹಾಡುವುದಿಲ್ಲ, ಕೇಳಿ ತೀರ್ಮಾನ ಮಾಡುತ್ತವೆ. ಅಮ್ಮ ತೀರ್ಥಹಳ್ಳಿ ಕಡೆಯವಳು. ಈ ಸದ್ದಿಲ್ಲದೆ ಮೈಸೂರಿನಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮೀನಿನಿಂದ ಮನೆಗಾದ ಲಾಭ ಅಂತ ಇದ್ದರೆ ಅದೊಂದೇ.

"ಎಂಥದೋ, ಈ ಸಲದ್ದು ಕೂಗೋದೇ ಇಲ್ವಲ್ಲ ಮಾರಾಯ" ಎಂದು ಅಮ್ಮನೇ ಮೊದಲು ದೂರು ಕೊಟ್ಟದ್ದು.

ಡಬ್ಬದ ಮುಚ್ಚಳ ತೆಗೆದೆ. ಸಂಗೀತಗಾರರ ಸಂಖ್ಯೆ ವಿಪರೀತ ಇಳಿದಿತ್ತು. ತಳದಲ್ಲಿ ಕಾಲುಗಳು, ರೆಕ್ಕೆಗಳು, ಒಳಗಿನದೆಲ್ಲ ಹೀರಿಸಿಕೊಂಡ ಒಣ ಮುದ್ದೆಗಳು ಚೆಲ್ಲಿದ್ದವು. ಟ್ರೇ ತುಂಡೊಂದನ್ನು ಎತ್ತಿದರೆ, ಅದರ ಅಡಿಗೆ ಅಂಗೈಯಗಲದ ಜೇಡ ಅಂಟಿಕೊಂಡು ಕೂತಿದೆ! ಕಂದು ಮೈ, ಹಲಗೆಯ ಸಂದಿಯಲ್ಲೂ ತೂರಬಲ್ಲಷ್ಟು ಚಪ್ಪಟೆ. ಕಾಲುಗಳ ಮೇಲೆ ಸಣ್ಣ ಕಪ್ಪು ಚುಕ್ಕೆಗಳು, ಒಂದೊಂದು ಚುಕ್ಕೆಯಿಂದ ಒಂದೊಂದು ಮುಳ್ಳುಗೂದಲು. ಕಣ್ಣುಗಳ ಕೆಳಗೆ ಕೆನೆಬಣ್ಣದ ಒಂದು ಅಡ್ಡಪಟ್ಟೆ. ನಾನು ಉಸಿರು ಬಿಡುವಷ್ಟರಲ್ಲಿ ಅದು ಟ್ರೇಯ ಆ ಬದಿಗೆ ಹೋಗಿತ್ತು. ನಡೆದು ಹೋದದ್ದನ್ನು ನಾನು ನೋಡಲಿಲ್ಲ. ಮೊದಲು ಇಲ್ಲಿತ್ತು, ಆಮೇಲೆ ಅಲ್ಲಿತ್ತು, ಅಷ್ಟೇ.

ಹುಳ ಕಳಿಸಿದವನಿಗೆ ಫೋನ್ ಮಾಡಿದೆ. ತುಂಬ ಸಮಾಧಾನದ ಮನುಷ್ಯ. "ಫ್ರೀ ಬಂದಿದೆ ಅಂದ್ಕೊಳ್ಳಿ ಸಾರ್" ಎಂದ.

ಮುಂದಿನದು ಇದು ಯಾವ ಜೇಡ ಎಂಬ ಪ್ರಶ್ನೆ. ನಮ್ಮ ಮನೆಯಲ್ಲಿ ಇಂಥ ಪ್ರಶ್ನೆ ಎದ್ದರೆ ಉತ್ತರಕ್ಕೆ ಬರವಿಲ್ಲ. ಮಗ ನೋಡಿದ ಕೂಡಲೇ ಟ್ಯಾರಂಟುಲಾ ಎಂದು ಘೋಷಿಸಿ ಫೋಟೋವನ್ನು ಕಾಲೇಜಿಗೆಲ್ಲ ಹಂಚಿದ. ಹೆಂಡತಿ ಕುರ್ಚಿಯ ಮೇಲೆ ನಿಂತು, ಅಷ್ಟು ದೂರದಿಂದಲೇ, ವಿಷದ್ದು ಅಂತ ಸರ್ಟಿಫಿಕೇಟ್ ಕೊಟ್ಟಳು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಆಚೆಯಿಂದ, "ಅದು ಮೈಮೇಲೆ ಉಚ್ಚೆ ಹೊಯ್ದ್ರೆ ಗುಳ್ಳೆ ಎದ್ದು ಉರಿ ಬರುತ್ತೆ. ನಮ್ಮ ಯಜಮಾನ್ರಿಗೆ ಕತ್ತಿನ ಸುತ್ತ ಬಂದಿತ್ತು" ಎಂದರು.

ಯಜಮಾನರ ಕತ್ತಿನ ವಿಷಯದಲ್ಲಿ ನಾನು ಸುಮ್ಮನಿರಲಾರದೆ ಹೋದೆ. ಜೇಡ ಹೊರಹಾಕುವುದು ಸುಣ್ಣದಂಥ ಬಿಳಿ ತೊಟ್ಟು, ಅದರಿಂದ ಚರ್ಮಕ್ಕೆ ಏನೂ ಆಗುವುದಿಲ್ಲ. ಪಾಪದ ಜೇಡದ ತಲೆಗೆ ಕಟ್ಟುವ ಆ ಗೆರೆಗೆರೆ ಗುಳ್ಳೆಗಳು ಎಷ್ಟೋ ಸಲ ಪೆಡೆರಸ್ ಎಂಬ ಪುಟ್ಟ ಹುಳದ ಕೆಲಸ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುತ್ತದೆ, ನೋಡಲು ದೊಡ್ಡ ಇರುವೆಯಷ್ಟು, ಮೈ ಕೇಸರಿ ಕಪ್ಪು. ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಕತ್ತಿನ ಮೇಲೆ ಕೂತಾಗ ನಾವು ಫಟ್ಟನೆ ಹೊಡೆದು ತೀಡುತ್ತೇವಲ್ಲ, ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಹತ್ತಿ ಮಾರನೆಯ ದಿನ ಉರಿ ಶುರು. ಊದಿ ಕಳಿಸಿಬಿಟ್ಟರೆ ಏನೂ ಇಲ್ಲ. ಇಷ್ಟನ್ನೂ ಕಾಂಪೌಂಡಿನ ಈಚೆಯಿಂದ ವಿವರಿಸಿದೆ. ಆಂಟಿ ಪೂರ್ತಿ ಕೇಳಿಸಿಕೊಂಡು, "ಆದ್ರೂ ಹುಷಾರು" ಎಂದು ಒಳಗೆ ಹೋದರು.

ಅಸಲಿ ಉತ್ತರ ಸಿಕ್ಕಿದ್ದು ಜೇಡದ ಕಣ್ಣು ಮತ್ತು ಕಾಲುಗಳಲ್ಲಿ. ಟ್ಯಾರಂಟುಲಾಗಳಿಗೆ ಎಂಟೂ ಕಣ್ಣು ನೆತ್ತಿಯ ಒಂದು ಗುಬುಟಿನ ಮೇಲೆ ಗುಂಪುಗೂಡಿರುತ್ತವೆ. ಇದಕ್ಕೆ ನಾಲ್ಕು ನಾಲ್ಕರ ಎರಡು ಸಾಲು. ಕಾಲುಗಳು ಏಡಿಯ ಹಾಗೆ ಪಕ್ಕಕ್ಕೆ ಚಾಚಿಕೊಂಡಿವೆ. ಬಲೆ ನೇಯುವ ಜಾತಿಯಲ್ಲ, ರಾತ್ರಿ ಓಡಾಡಿ ಬೇಟೆ ಹಿಡಿಯುವ ಜಾತಿ: ಹೆಟೆರೋಪೋಡ ವೆನಟೋರಿಯ. ಹಡಗುಗಳ ಸರಕಿನಲ್ಲಿ ಟಿಕೆಟ್ಟಿಲ್ಲದೆ ಕೂತು ಉಷ್ಣವಲಯದ ಊರುಗಳನ್ನೆಲ್ಲ ಸುತ್ತಿದ ಜೀವ. ಹಾಗಿರುವಾಗ ಜೀರುಂಡೆಯ ಕೊರಿಯರ್ ಅದಕ್ಕೆ ಯಾವ ಲೆಕ್ಕ? ಹೈದರಾಲಿ ಇಂಗ್ಲಿಷರ ಮೇಲೆ ಮೊದಲ ಮೈಸೂರು ಯುದ್ಧಕ್ಕೆ ಇಳಿದ 1767ರಲ್ಲೇ ಅತ್ತ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದನ್ನು ತನ್ನ ಜೀವಿಗಳ ಪಟ್ಟಿಗೆ ಸೇರಿಸಿಕೊಂಡಿದ್ದ. ಹಿಡಿದು ಹಿಂಸೆ ಮಾಡಿದರೆ ಕಚ್ಚುತ್ತದೆ, ನೋಯುತ್ತದೆ, ಆದರೆ ಪ್ರಾಣಕ್ಕೇನೂ ಸಂಚಕಾರವಿಲ್ಲ. ಇದರ ಮುಖ್ಯ ಊಟ ಜಿರಳೆ.

ಅಷ್ಟೆಲ್ಲ ಓದಿ ನಾನು ತಲೆ ಎತ್ತುವಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿಕೊಂಡು ಡಬ್ಬದೊಳಗೆ ಬಗ್ಗಿದ್ದಳು. "ಇದಾ? ನಮ್ಮನೆ ಬಚ್ಚಲೊಲೆ ಹಿಂದೆ ಇರ್ತಿತ್ತಲ್ಲ, ಅದೇ. ಇದಕ್ಕೆ ಇಷ್ಟು ರಂಪ ಎಂಥಕ್ಕೆ?" ಎಂದವಳು ಪೊರಕೆಗೆ ಕೈ ಹಾಕಿದಳು. ಅಷ್ಟರಲ್ಲಿ ಜೇಡ ಮೈಯನ್ನು ಸ್ವಲ್ಪ ಎತ್ತಿತು. ಎದೆಯ ಕೆಳಗೆ, ಶರ್ಟಿನ ಗುಂಡಿಯ ಹಾಗೆ ಗುಂಡಗೆ ಚಪ್ಪಟೆಯಾದ ಬಿಳಿಯ ಮೊಟ್ಟೆಚೀಲ. ಬಾಯಿಯ ಪಕ್ಕದ ಪುಟ್ಟ ತೋಳುಗಳಲ್ಲಿ ಅದನ್ನು ತಬ್ಬಿ ಹಿಡಿದಿತ್ತು.

ಪೊರಕೆ ಮೂಲೆಗೆ ಹೋಯಿತು. "ಬಾಣಂತಿಯನ್ನ ಮನೆಯಿಂದ ಹೊರಗೆ ಹಾಕೋದುಂಟಾ?" ಎಂದು ಅಮ್ಮ ಸುತ್ತ ನಿಂತ ನಮ್ಮನ್ನೆಲ್ಲ ಗದರಿಸಿದಳು, ನಾವೇ ಪೊರಕೆ ತಂದಿದ್ದೆವೋ ಎಂಬಂತೆ.

ಅಲ್ಲಿಂದ ಮುಂದೆ ಎಲ್ಲ ಅಮ್ಮನ ಯಜಮಾನಿಕೆ. ಬಿಸ್ಕತ್ತಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಕಾಯಿಸಿದ ಸೂಜಿಯಿಂದ ತೂತು ಮಾಡಿಸಿದಳು. ತೂತು ದೊಡ್ಡದಾದರೆ ಮರಿಗಳು ಪಾರಾಗುತ್ತವೆ ಎಂದು ನಾನು ಹೇಳಿದ್ದಕ್ಕೆ, "ಅದು ನನಗೆ ಗೊತ್ತು" ಎಂದಳು. ಒಳಗೆ ಒರಗಿಸಿ ನಿಲ್ಲಿಸಲು ಒಂದು ತುಂಡು ಅಡಿಕೆ ಹಾಳೆ. ಇವಳಿಗೆ ನೆಲಕ್ಕಿಂತ ಗೋಡೆ ಇಷ್ಟ ನೋಡಿ. ಸ್ಥಳಾಂತರಕ್ಕೆ ಚಟ್ನಿಪುಡಿಯ ಗಾಜಿನ ಬಾಟಲಿಯನ್ನು ಬೋರಲು ಹಾಕಿ, ಅಡಿಯಿಂದ ಭಾವಮೈದುನನ ಮಗಳ ಲಗ್ನಪತ್ರಿಕೆ ತೂರಿಸಿದೆ. ಅಷ್ಟು ದಪ್ಪದ ಪತ್ರಿಕೆ ಯಾಕೆ ಮಾಡಿಸಿದ್ದ ಎಂದು ಮದುವೆಯ ದಿನ ಅರ್ಥವಾಗಿರಲಿಲ್ಲ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಡಬ್ಬಿಯ ಒಂದು ಬದಿಗೆ ಹನಿ ಹಾಕಿದರೆ, ರಾತ್ರಿ ಇಳಿದು ಬಂದು ಕುಡಿಯುತ್ತಿತ್ತು.

ಜಗಳ ಬಂದದ್ದು ಊಟದ ವಿಷಯಕ್ಕೆ. ಚೀಲ ಹಿಡಿದಿರುವಷ್ಟು ದಿನ ಈ ಜೇಡ ಸಾಮಾನ್ಯವಾಗಿ ಏನೂ ತಿನ್ನುವುದಿಲ್ಲ, ಬಾಯಿ ಖಾಲಿ ಇದ್ದರೆ ತಾನೆ? ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ, ನಮ್ಮ ಖರ್ಚಿನಲ್ಲಿ. ಪದೇ ಪದೇ ಕದಲಿಸಿ ಹೆದರಿಸಿದರೆ ಜೇಡಗಳು ಮೊಟ್ಟೆಚೀಲವನ್ನು ಬಿಟ್ಟುಬಿಡುವುದೂ ಉಂಟು, ತಿಂದುಹಾಕುವುದೂ ಉಂಟು. ಇದನ್ನು ಹೇಳಿದರೆ ಅಮ್ಮ ಒಪ್ಪುವವಳೇ? "ಬಾಣಂತಿ ಹಸ್ಕೊಂಡಿರ್ಬಾರ್ದು" ಎಂದು ದಿನಾ ಒಂದು ಜೀರುಂಡೆಯ ವಕಾಲತ್ತು. ಕೊನೆಗೆ ಡಬ್ಬಿಯ ಮೇಲೆ ಟವೆಲ್ ಹೊದಿಸಿ, "ಗಾಳಿ ತಾಗಬಾರ್ದು" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕತ್ತಲಿದ್ದರೆ ಜೇಡಕ್ಕೂ ಒಳ್ಳೆಯದೇ, ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಳ್ಳುವ ವಿಷಯಕ್ಕೆ ಬಂದರೆ, ಅರೋವಾನಾದಲ್ಲಿ ಮೊಟ್ಟೆ ಮರಿ ಕಾಯುವುದು ಗಂಡು. ಅಷ್ಟನ್ನೂ ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸ ಇರುತ್ತದೆ. ನನ್ನ ಗ್ರಹಚಾರಕ್ಕೆ ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಹೆಂಡತಿ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು, "ಇವನು ಹುಟ್ಟಿದಾಗ ನನಗೆ ಅಂತ ನಮ್ಮಮ್ಮ ಕಟ್ಟಿಕೊಟ್ಟಿದ್ದ ಅಂಟಿನುಂಡೆ ಡಬ್ಬ ಖಾಲಿ ಮಾಡಿದೋರು ಯಾರು?" ಎಂದಳು. ಮಗ ತಟ್ಟೆ ನೋಡುತ್ತ ನಕ್ಕ. ಮೀನು ತನ್ನ ಜೀರುಂಡೆಗಾಗಿ ಮುಚ್ಚಳಕ್ಕೆ ತಲೆ ಕುಟ್ಟುತ್ತಿತ್ತು. ಇಡೀ ಮನೆಯಲ್ಲಿ ನನ್ನ ಮೇಲೆ ಆಪಾದನೆ ಇಲ್ಲದ ಜೀವ ಟವೆಲ್ಲಿನ ಕೆಳಗಿದ್ದದ್ದು ಒಂದೇ.

ಮರಿಗಳು ಒಂದು ಬೆಳಿಗ್ಗೆ ಹೊರಬಂದಿದ್ದವು. ಡಬ್ಬಿಯ ಗೋಡೆ ತುಂಬ ಮಸುಕಾದ ಚುಕ್ಕೆಗಳು, ಹತ್ತಿರ ಹೋದರೆ ಎಲ್ಲಕ್ಕೂ ಕಾಲು. ನೂರಕ್ಕಂತೂ ಮೇಲೆ. ಒಟ್ಟಿಗೇ ಇಟ್ಟರೆ ಒಂದನ್ನೊಂದು ತಿನ್ನುತ್ತವೆ, ಹೀಗಾಗಿ ಬಿಡಲೇಬೇಕು. ಅಮ್ಮ ಹನ್ನೊಂದನೆಯ ದಿನದ ಮಾತೆತ್ತಿದಳು, ನಾನು ಕೇಳಿಸದವನಂತೆ ಇದ್ದೆ. ಹಿತ್ತಲಿನಲ್ಲಿ ಒಟ್ಟಿದ ಹಳೆ ಹಲಗೆಗಳ ಸಂದಿಗೆ ಡಬ್ಬಿಯ ಬಾಯಿ ತೆರೆದು ಇಟ್ಟೆವು. ತಾಯಿ ಹೋಗುವ ಮುಂಚೆ ಅಮ್ಮನ ಜೀರುಂಡೆಯನ್ನು ಕೊನೆಗೂ ತೆಗೆದುಕೊಂಡಿತು. "ನೋಡು!" ಎಂದಳು ಅಮ್ಮ.

ಇದಾದ ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಹತ್ತಿರ ಬಂದರು. ಅಡುಗೆಮನೆಯಲ್ಲಿ ಜಿರಳೆ ಕಾಟ ವಿಪರೀತವಂತೆ, ಯಾವ ಸ್ಪ್ರೇ ಹೊಡೆದರೂ ಬಗ್ಗುತ್ತಿಲ್ಲವಂತೆ. "ಆ ಮರಿಗಳಲ್ಲಿ ಒಂದೆರಡು ಹೆಣ್ಣು ನಮಗೆ ಕೊಡ್ತೀರಾ?"

ಸ್ಪ್ರೇ ತಾಗಿದ ಜಿರಳೆ ತಿಂದರೆ ಜೇಡಕ್ಕೂ ಅಪಾಯ ಎಂದು ನಾನು ನಯವಾಗಿ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಸ್ಪ್ರೇ ಹೊಡೆಯೋ ಮನೆಗೆ ನಾವು ಹೆಣ್ಣು ಕೊಡೋದಿಲ್ಲ."